ಮೊಗ್ಲಿಂಗ್: ಒಂದು ಪತ್ರಿಕೆ, ದಾಸರ ಪದಗಳು, ಒಂದು ದೀಕ್ಷಾಸ್ನಾನ

ಜುಲೈ 1 ಬಂತೆಂದರೆ ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕು ಕೇಂದ್ರಗಳಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. ಹಿರಿಯ ವರದಿಗಾರರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳ ಭಾಷಣದಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿ 'ಮಂಗಳೂರ ಸಮಾಚಾರ' ಹೊರತಂದರು, ಅದೇ ಕನ್ನಡದ ಮೊದಲ ಪತ್ರಿಕೆ. ಅಷ್ಟು ಹೇಳಿ ಭಾಷಣ ಇಂದಿನ ಮಾಧ್ಯಮಗಳ ಕಡೆಗೆ ಹೊರಳುತ್ತದೆ. ನಮ್ಮ ಡಿಪ್ಲೊಮಾ ನೋಟ್ಸ್‌ನಲ್ಲೂ ಮೊಗ್ಲಿಂಗ್‌ಗೆ ಸಿಕ್ಕಿದ್ದು ಎರಡೇ ಸಾಲು.

ಈ ಎರಡು ಸಾಲಿನಾಚೆ ಅವರ ಬಗ್ಗೆ ಕೇಳಿಬರುವ ಮಾತುಗಳು ಎರಡು ಬಗೆಯವು. ಒಂದು, ಅವರು ಕನ್ನಡ ಸೇವಕ, ಕ್ರೈಸ್ತ ಪಾದ್ರಿಯಾಗಿದ್ದದ್ದು ಆಕಸ್ಮಿಕ. ಇನ್ನೊಂದು, ಅವರು ಮತಾಂತರ ಮಾಡಲು ಬಂದವರು, ಕನ್ನಡ ಬರೀ ನೆಪ. ಅವರ ಬದುಕನ್ನು ಇಸವಿಗಳ ಜೊತೆ ಇಟ್ಟು ನೋಡಿದರೆ ಎರಡೂ ಅರ್ಧ ಮಾತು ಅನಿಸುತ್ತದೆ. ಪತ್ರಿಕೆ ಮಾಡಿಸಿದ್ದೂ, ದಾಸರ ಪದಗಳನ್ನು ಅಚ್ಚು ಹಾಕಿಸಿದ್ದೂ, ಮಂಗಳೂರಿನ ಒಂದು ಮನೆಯನ್ನು ಒಡೆದದ್ದೂ, ಕೊಡಗಿನ ಜೀತದಾಳುಗಳ ಬಳಿಗೆ ಕರೆದೊಯ್ದದ್ದೂ ಒಂದೇ ನಂಬಿಕೆ. ಆ ನಂಬಿಕೆಯನ್ನು ಬಿಟ್ಟು ಅವರ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ.

ಆ ನಂಬಿಕೆ ಎಂಥದ್ದು?

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದರು. ಆ ಸೀಮೆಯ ಪ್ರಾಟೆಸ್ಟೆಂಟರಲ್ಲಿ ಪಯಟಿಸಂ ಎಂಬ ಪಂಥಕ್ಕೆ ಬೇರು ಆಳವಾಗಿತ್ತು. ಚರ್ಚಿಗೆ ಹೋಗಿ ಬಂದರೆ ಸಾಲದು, ಮನುಷ್ಯ ಒಳಗಿನಿಂದ ಬದಲಾಗಬೇಕು ಎನ್ನುವುದು ಆ ಪಂಥದ ಮೊದಲ ಮಾತು. ಪ್ರತಿಯೊಬ್ಬರೂ ಬೈಬಲನ್ನು ತಮ್ಮದೇ ಭಾಷೆಯಲ್ಲಿ ತಾವೇ ಓದಬೇಕು ಎನ್ನುವುದು ಎರಡನೆಯದು. ಮೈಮುರಿದು ದುಡಿಯುವುದೂ ದೇವರ ಕೆಲಸವೇ ಎನ್ನುವುದು ಮೂರನೆಯದು. ಇದನ್ನು ಕೇಳಿದಾಗ ನಮಗೆ ಶರಣರ ಕಾಯಕದ ಮಾತು ನೆನಪಾಗುವುದು ಸಹಜ. ಆದರೆ ಎರಡೂ ಒಂದೇ ಅಲ್ಲ. ಪಯಟಿಸ್ಟರಿಗೆ ಯೇಸುವಿನ ಹೊರತು ಮುಕ್ತಿಗೆ ಬೇರೆ ದಾರಿ ಇರಲಿಲ್ಲ. ದಾರಿ ತಿಳಿಯದವರಿಗೆ ಅದನ್ನು ತಿಳಿಸದೆ ಸುಮ್ಮನಿರುವುದು ಅವರ ಲೆಕ್ಕದಲ್ಲಿ ಪಾಪ.

ಈ ಪಂಥದವರೇ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಬಾಸೆಲ್ ಮಿಷನ್ ಕಟ್ಟಿದ್ದರು. ಈಸ್ಟ್ ಇಂಡಿಯಾ ಕಂಪನಿಯ 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, ಅಂದರೆ 1834ರಲ್ಲಿ, ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರಿಗೆ ಬಂತು. 1836ರಲ್ಲಿ ಮೊಗ್ಲಿಂಗ್ ಬಂದರು. ಆಗ ಅವರಿಗೆ 25 ವರ್ಷ.

ಇಲ್ಲಿ ಬೀದಿಯ ಮಾತು ತುಳು, ಪೇಟೆಯಲ್ಲಿ ಕೊಂಕಣಿ, ಕಚೇರಿ ಮತ್ತು ಶಾಲೆಯಲ್ಲಿ ಕನ್ನಡ. ಜನ ತಾವೇ ಓದಬೇಕು ಎಂದು ನಂಬಿದವರು ಜನರ ಭಾಷೆ ಕಲಿಯದೆ ವಿಧಿಯಿಲ್ಲ. ಮೊಗ್ಲಿಂಗ್ ಕನ್ನಡಕ್ಕೆ ಬಂದದ್ದು ಈ ದಾರಿಯಲ್ಲಿ. ಮಿಷನ್ ತುಳುವಿನಲ್ಲೂ ಕೆಲಸ ಮಾಡಿತು. 1847ರಲ್ಲಿ ತುಳು ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಬಂತು.

ಕಲ್ಲಚ್ಚಿನ ಮೇಲೆ ಸುದ್ದಿ

ಓದಲು ಪುಸ್ತಕ ಬೇಕು, ಪುಸ್ತಕಕ್ಕೆ ಅಚ್ಚುಕೂಟ ಬೇಕು. 1841ರಲ್ಲಿ ಮಿಷನ್ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿತು. ಮೊಳೆ ಅಚ್ಚಾದರೆ ಕನ್ನಡದ ಕಾಗುಣಿತ, ಒತ್ತಕ್ಷರಗಳಿಗೆಲ್ಲ ನೂರಾರು ಮೊಳೆ ಎರಕ ಹೊಯ್ಯಬೇಕು. ಕಲ್ಲಚ್ಚಿಗೆ ಆ ಗೋಜಿಲ್ಲ. ಚೆಂದದ ಕೈಬರಹದವನೊಬ್ಬ ಜಿಡ್ಡಿನ ಶಾಯಿಯಲ್ಲಿ ಬರೆದರೆ ಸಾಕು. ಆ ಬರಹವನ್ನು ಕಲ್ಲಿಗೆ ಇಳಿಸಿ ಕಲ್ಲನ್ನು ಒದ್ದೆ ಮಾಡುತ್ತಾರೆ. ಅಚ್ಚಿನ ಮಸಿ ಜಿಡ್ಡಿರುವ ಕಡೆ ಮಾತ್ರ ಹಿಡಿಯುತ್ತದೆ, ನೀರಿರುವ ಕಡೆ ಹಿಡಿಯುವುದಿಲ್ಲ. ಅದರ ಮೇಲೆ ಕಾಗದ ಒತ್ತಿದರೆ ಬರಹ ಮೂಡುತ್ತದೆ. ಹಾಗಾಗಿ ಕನ್ನಡದ ಮೊದಲ ಪತ್ರಿಕೆ ನೋಡಲು ಕೈಬರಹದ ಪತ್ರಿಕೆಯಂತೆಯೇ ಇತ್ತು.

'ಮಂಗಳೂರ ಸಮಾಚಾರ' ನಾಲ್ಕು ಪುಟದ ಪಾಕ್ಷಿಕ. ಊರಿನ ವರ್ತಮಾನ, ಕಂಪನಿ ಸರ್ಕಾರದ ಕಾನೂನು-ನಿರೂಪಗಳು, ಬೇರೆ ದೇಶಗಳ ಸುದ್ದಿ, ಕಥೆ, ನೀತಿಮಾತು, ಓದುಗರ ಪತ್ರ ಅದರಲ್ಲಿ ಇರುತ್ತಿದ್ದವು. ಇವತ್ತಿಗೂ ನಮ್ಮ ಜಿಲ್ಲಾ ಪುಟಗಳ ಚೌಕಟ್ಟು ಹೆಚ್ಚುಕಡಿಮೆ ಇದೇ. ಗಮನಿಸಬೇಕಾದ್ದೆಂದರೆ, ಪಾದ್ರಿಯ ಪತ್ರಿಕೆಯಾದರೂ ಇದು ಧರ್ಮಪ್ರಚಾರದ ಕರಪತ್ರ ಆಗಿರಲಿಲ್ಲ. ಕರಪತ್ರಗಳನ್ನು ಮಿಷನ್ ಬೇರೆಯಾಗಿಯೇ ಅಚ್ಚು ಹಾಕುತ್ತಿತ್ತು. ಪತ್ರಿಕೆಯ ಕೆಲಸ ಓದುವ ಅಭ್ಯಾಸ ಬೆಳೆಸುವುದು, ಊರಾಚೆಗೂ ಒಂದು ಲೋಕವಿದೆ ಎಂದು ತಿಳಿಸುವುದು. ಅದನ್ನೂ ಮೊಗ್ಲಿಂಗ್ ತಮ್ಮ ಸೇವೆಯ ಭಾಗವೆಂದೇ ನೋಡಿದರು.

ಪತ್ರಿಕೆ ಮಂಗಳೂರಿನಲ್ಲಿ ನಡೆದದ್ದು ಎಂಟೇ ತಿಂಗಳು. 1844ರ ಫೆಬ್ರವರಿ 15ರ ಸಂಚಿಕೆಯೇ ಕೊನೆಯದು, ಒಟ್ಟು 16 ಸಂಚಿಕೆ. ಮಾರ್ಚ್‌ನಿಂದ ಅದು ಬಳ್ಳಾರಿಗೆ ಹೋಯಿತು. ಅಲ್ಲಿ ಮೊಳೆ ಅಚ್ಚಿನ ಅನುಕೂಲ ಇತ್ತು, ಕನ್ನಡ ಓದುಗರೂ ಹೆಚ್ಚಿದ್ದರು. ಹೆಸರು 'ಕನ್ನಡ ಸಮಾಚಾರ' ಎಂದಾಯಿತು. ಮೊಗ್ಲಿಂಗ್ ಅವರ ಟ್ಯೂಬಿಂಗನ್ ದಿನಗಳ ಗೆಳೆಯ ಹರ್ಮನ್ ಗುಂಡರ್ಟ್ 1847ರಲ್ಲಿ ತಲಶ್ಶೇರಿಯಲ್ಲಿ 'ರಾಜ್ಯಸಮಾಚಾರಂ' ಶುರು ಮಾಡಿದರು. ಅದು ಮಲಯಾಳದ ಮೊದಲ ಪತ್ರಿಕೆ. ಎರಡು ಭಾಷೆಗಳ ಪತ್ರಿಕೋದ್ಯಮ ಒಂದೇ ಮಿಷನ್ನಿನ ಇಬ್ಬರು ಗೆಳೆಯರಿಂದ ಶುರುವಾಯಿತು.

ಅದೇ ಎಂಟು ತಿಂಗಳ ನಡುವೆ

ಪತ್ರಿಕಾ ದಿನದ ಭಾಷಣಗಳಲ್ಲಿ ಬಾರದ ಸಂಗತಿಯೊಂದು ಇಲ್ಲಿದೆ. ಪತ್ರಿಕೆ ಇನ್ನೂ ಮಂಗಳೂರಿನಲ್ಲೇ ಹೊರಡುತ್ತಿದ್ದಾಗ, 1844ರ ಜನವರಿ 6ರಂದು, ಮಿಷನ್ ಶಾಲೆಯಲ್ಲಿ ಓದಿದ ಮೂವರು ಸಾರಸ್ವತ ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದರು. ಅವರಲ್ಲೊಬ್ಬ ಆನಂದರಾವ್ ಕೌಂಡಿನ್ಯ. ತನ್ನ ಗುರುವಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ.

ಊರು ಅಲ್ಲೋಲಕಲ್ಲೋಲವಾಯಿತು. ಅಂದಿನ ಕಟ್ಟುಕಟ್ಟಳೆಯಲ್ಲಿ ಮಗ ಜಾತಿ ಬಿಟ್ಟ ಎಂದರೆ ಮನೆಯವರ ಪಾಲಿಗೆ ಇದ್ದೂ ಸತ್ತಂತೆ. ಅವನ ಜೊತೆ ಊಟವಿಲ್ಲ, ಅವನ ಕೈಯಿಂದ ಪಿಂಡವಿಲ್ಲ. ಆನಂದರಾವ್‌ಗೆ ಆಗಲೇ ಮದುವೆಯಾಗಿತ್ತು. ಮಡದಿ ಅವನ ಜೊತೆ ಬರಲಿಲ್ಲ. ಗಂಡ ಬದುಕಿದ್ದೂ ಗಂಡನಿಲ್ಲದ ಹೆಣ್ಣಿಗೆ ಆ ಕಾಲದ ಮೇಲ್ಜಾತಿ ಮನೆಯಲ್ಲಿ ಎಂಥ ಸ್ಥಾನ ಎಂಬುದನ್ನು ವಿವರಿಸಿ ಹೇಳಬೇಕಿಲ್ಲ. ಆನಂದರಾವ್ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಮಂಗಳೂರಿಗೆ ಮರಳಿದರು. ಬಾಸೆಲ್ ಮಿಷನ್ ಹೀಗೆ ನೇಮಿಸಿದ ಮೊದಲ ಭಾರತೀಯ ಅವರು. 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಸೆಮಿನರಿಯಲ್ಲಿ ಪಾಠ ಮಾಡುತ್ತ, ಮಿಷನ್ ಕೆಲಸದಲ್ಲೇ ಬಾಳು ಕಳೆದರು. ತಾವು ತುಳಿದ ಹಾದಿಯ ಬಗ್ಗೆ ಅವರಿಗೆ ಅಳುಕಿರಲಿಲ್ಲ.

ಹಾಗಾದರೆ ಈ ಘಟನೆಯನ್ನು ಹೇಗೆ ಬರೆಯಬೇಕು? ಓದಿದ ಯುವಕನೊಬ್ಬ ಸ್ವಂತ ಮನಸ್ಸಿನಿಂದ ಮಾಡಿದ ಆಯ್ಕೆ ಎಂದೋ, ಒಂದು ಮನೆ ಮುರಿದ ಕಥೆ ಎಂದೋ? ಎರಡೂ ನಿಜ. ಗುರುವಿಗೆ ಅದು ಬಾಳಿನ ಅತಿ ದೊಡ್ಡ ಸಂತೋಷಗಳಲ್ಲಿ ಒಂದು. ಒಳಗಿನಿಂದ ಬದಲಾದ ಮನುಷ್ಯ ಕಣ್ಣೆದುರು ನಿಂತಿದ್ದ. ಆ ಸಂತೋಷದ ಬೆಲೆಯನ್ನು ಹೆಚ್ಚಾಗಿ ತೆತ್ತವರು ಆಯ್ಕೆಯಲ್ಲಿ ಪಾಲೇ ಇಲ್ಲದವರು, ಅದರಲ್ಲೂ ಆ ಮಡದಿ.

ದಾಸರ ಪದಗಳು ಪಾದ್ರಿಯ ಅಚ್ಚುಕೂಟದಲ್ಲಿ

ಇದಾದ ನಾಲ್ಕೈದು ವರ್ಷಗಳಲ್ಲಿ ಅದೇ ಮೊಗ್ಲಿಂಗ್ ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ಹಳೆಯ ಕನ್ನಡ ಕಾವ್ಯಗಳನ್ನು ಹುಡುಕಿ, ಪ್ರತಿ ಮಾಡಿಸಿ, 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಅಚ್ಚು ಹಾಕಿಸತೊಡಗಿದರು. ಕಂಪನಿಯ ನಿವೃತ್ತ ನ್ಯಾಯಾಧೀಶ ಕಸಮೇಜರ್ ಇದಕ್ಕೆ ದುಡ್ಡು ಕೊಟ್ಟರು. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಈತ 1849ರಲ್ಲಿ ತೀರಿಕೊಂಡಾಗ ಆಸ್ತಿಯನ್ನೂ ಮಿಷನ್ನಿಗೇ ಬರೆದಿಟ್ಟಿದ್ದರು. ಸಹೋದ್ಯೋಗಿ ಗಾಟ್‌ಫ್ರೀಡ್ ವೈಗಲ್ ನೆರವಾದರು. ಲಕ್ಷ್ಮೀಶನ 'ಜೈಮಿನಿ ಭಾರತ', 'ಬಸವ ಪುರಾಣ' ಈ ಮಾಲೆಯಲ್ಲಿ ಬಂದವು. 1850ರಲ್ಲಿ ದಾಸರ ಪದಗಳ ಸಂಗ್ರಹವೂ ಬಂತು.

ಅಲ್ಲಿಯವರೆಗೆ ದಾಸರ ಪದಗಳು ಇದ್ದದ್ದು ಹಾಡುವವರ ನಾಲಿಗೆಯ ಮೇಲೆ, ಓಲೆಗರಿ-ಕೈಬರಹದ ಕಟ್ಟುಗಳಲ್ಲಿ. ಪುರಂದರದಾಸರನ್ನೂ ಕನಕದಾಸರನ್ನೂ ಅಚ್ಚಿನಲ್ಲಿ ಮೊದಲು ಕೂಡಿಸಿಕೊಟ್ಟವರು ವಿಠಲನನ್ನು ಒಪ್ಪದ ಒಬ್ಬ ಪಾದ್ರಿ. ಯಾಕೆ? ಒಂದು ಕಾರಣ ನೇರವಾದದ್ದು: ಹೊಸದಾಗಿ ಬರುವ ಮಿಷನರಿಗಳು ಒಳ್ಳೆಯ ಕನ್ನಡ ಕಲಿಯಬೇಕಿತ್ತು, ಈ ಜನ ಏನನ್ನು ನಂಬಿದ್ದಾರೆ ಎಂದು ತಿಳಿಯಬೇಕಿತ್ತು. ಜನರ ನಂಬಿಕೆ ತಿಳಿಯದೆ ಅದರೊಡನೆ ವಾದಿಸಲು ಆಗುವುದಿಲ್ಲ. ಆದರೆ ಅದೊಂದೇ ಕಾರಣವಾಗಿದ್ದರೆ ಅವರು 1860ರಲ್ಲಿ ದಾಸರ ಪದಗಳನ್ನು ಜರ್ಮನ್‌ಗೆ ಅನುವಾದಿಸಿ ಅಲ್ಲಿನ ಪ್ರಾಚ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸುತ್ತಿರಲಿಲ್ಲ. ಬಾಹ್ಯಾಚಾರವನ್ನು ಬೈಯುವ, ಒಳಗಿನ ಶುದ್ಧಿಯನ್ನು ಕೇಳುವ, ದೇವರ ಮುಂದೆ ತನ್ನ ದೋಷವನ್ನು ಬಿಚ್ಚಿಡುವ ಧ್ವನಿ ಒಬ್ಬ ಪಯಟಿಸ್ಟನಿಗೆ ಪರಿಚಿತ ಧ್ವನಿಯಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ ಎಂದು ನಮಗೆ ತೋರುತ್ತದೆ. ಅಂಥ ಧ್ವನಿಯನ್ನು ಕೇಳಿಯೂ ಅವರು ತಮ್ಮ ದಾರಿ ಬಿಡಲಿಲ್ಲ.

ಕೊಡಗಿನ ಕಡೆಗೆ

1853ರ ಹೊತ್ತಿಗೆ ಮೊಗ್ಲಿಂಗ್ ಊರಿಗೆ ಮರಳುವ ಯೋಚನೆಯಲ್ಲಿದ್ದರು. ಆಗ ಕೊಡಗಿನಿಂದ ಅಲ್ಮಂಡ ಸೋಮಯ್ಯ ಎಂಬವರು ಮಂಗಳೂರಿಗೆ ಬಂದು ಕ್ರೈಸ್ತರಾದರು. ತಮ್ಮ ಜನರ ನಡುವೆ ಮರಳಿ ಹೋಗಬೇಕಾದ ಸೋಮಯ್ಯನವರನ್ನು ಒಂಟಿಯಾಗಿ ಕಳಿಸಲು ಮೊಗ್ಲಿಂಗ್ ಮನಸ್ಸು ಒಪ್ಪಲಿಲ್ಲ. ಪ್ರಯಾಣ ಬಿಟ್ಟು ಅವರ ಜೊತೆ ಕೊಡಗಿಗೆ ಹೊರಟರು.

ಕಂಪನಿ ಕೊಡಗನ್ನು ವಶಕ್ಕೆ ತೆಗೆದುಕೊಂಡದ್ದು 1834ರಲ್ಲಿ. ಗುಲಾಮಗಿರಿಗೆ ಕಾನೂನಿನ ಬೆಂಬಲ ತೆಗೆದ ಕಾಯ್ದೆ ಬಂದದ್ದು 1843ರಲ್ಲಿ, ಅಂದರೆ ನಮ್ಮ ಮೊದಲ ಪತ್ರಿಕೆ ಬಂದ ವರ್ಷವೇ. ಆದರೆ ಕಾಗದದ ಮೇಲಿನ ಕಾಯ್ದೆಯಿಂದ ಭೂಮಾಲೀಕರ ಗದ್ದೆಯಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ಹೊಲೆಯರ ಬದುಕು ಬದಲಾಗಲಿಲ್ಲ. ಕೊಡಗಿನಲ್ಲಿ ಮಿಷನ್ನಿನ ಮಾತಿಗೆ ಗುಂಪಾಗಿ ಕಿವಿಗೊಟ್ಟವರು ಇವರು. ಅವರಿಗಾಗಿ ಸಿದ್ದಾಪುರ-ಅಮ್ಮತ್ತಿ ಕಡೆ ಆನಂದಪುರ ಎಂಬ ನೆಲೆ ಎದ್ದಿತು. ಒಡೆಯನನ್ನು ಬಿಟ್ಟು ಬಂದವನಿಗೆ ಮಂತ್ರವೊಂದೇ ಸಾಲದು, ನೆಲ ಬೇಕು, ಕೂಲಿ ಬೇಕು. ಕಾಫಿ ತೋಟ ಬಂದದ್ದು ಆ ಕಾರಣಕ್ಕೆ. ಮಂಗಳೂರಿನಲ್ಲಿ ಮಿಷನ್ ಮಗ್ಗ ಹಾಕಿದ್ದು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದ್ದು ಕೂಡ ಇದೇ ತರ್ಕದಿಂದ. ಜಾತಿ ಬಿಟ್ಟವನಿಗೆ ಕುಲಕಸುಬೂ ತಪ್ಪುತ್ತಿತ್ತು.

ಮಂಗಳೂರಿನ ಬ್ರಾಹ್ಮಣ ಮನೆಗೆ ಆಘಾತವಾಗಿ ಬಂದ ಅದೇ ನಂಬಿಕೆ ಕೊಡಗಿನ ಜೀತದಾಳಿಗೆ ಒಡೆಯನ ಅಂಗಳ ಬಿಟ್ಟು ಹೊರಬರುವ ದಾರಿಯಾಗಿಯೂ ಕಂಡಿತು. ಒಂದು ಕಡೆ ನಿಂತು ನೋಡಿದವರಿಗೆ ಇನ್ನೊಂದು ಕಡೆ ಕಾಣುವುದಿಲ್ಲ. ಕೊಡಗಿನಲ್ಲಿದ್ದಾಗಲೂ ಮೊಗ್ಲಿಂಗ್ ಬರವಣಿಗೆ ಬಿಡಲಿಲ್ಲ. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷ್ ಪುಸ್ತಕ ಬರೆದರು. ಕೊಡಗಿನ ದೊಡ್ಡ ವೀರರಾಜೇಂದ್ರ ಬರೆಸಿದ್ದ 'ರಾಜೇಂದ್ರನಾಮೆ'ಯನ್ನು 1857ರಲ್ಲಿ ಅಚ್ಚು ಹಾಕಿಸಿದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಅವರು ಭಾರತ ಬಿಟ್ಟರು. 1881ರಲ್ಲಿ ಜರ್ಮನಿಯ ಎಸ್ಲಿಂಗನ್‌ನಲ್ಲಿ ತೀರಿಕೊಂಡರು.

ನಮಗೇನು?

ನಮ್ಮಂಥ ವರದಿಗಾರರಿಗೆ ಇದು ಹಳೆಯ ಕಥೆಯಲ್ಲ. ಜಿಲ್ಲೆಯ ಯಾವುದೋ ಮೂಲೆಯಲ್ಲಿ ಮತಾಂತರದ ಗಲಾಟೆ ಎಂದರೆ ಸಂಜೆ ಏಳರೊಳಗೆ ಇನ್ನೂರು ಪದ ಕಳಿಸಬೇಕು. ಒಂದು ಕಡೆಯವರು 'ಆಮಿಷ' ಎಂಬ ಪದ ಹಾಕಿಸಲು ಫೋನ್ ಮಾಡುತ್ತಾರೆ, ಇನ್ನೊಂದು ಕಡೆಯವರು 'ದಾಳಿ' ಎಂಬ ಪದಕ್ಕೆ ಪಟ್ಟು ಹಿಡಿಯುತ್ತಾರೆ. ನಾವು ಒಂದು ಪದ ಆರಿಸಿ ಕಳಿಸುತ್ತೇವೆ. ದೀಕ್ಷೆ ಪಡೆದವನಿಗೆ ನಿಜಕ್ಕೂ ಏನನಿಸಿತು, ಅವನ ಹೆಂಡತಿ ಎಲ್ಲಿದ್ದಾಳೆ, ಅವನು ಯಾರ ಜಮೀನಿನಲ್ಲಿ ದುಡಿಯುತ್ತಿದ್ದ, ಈಗ ಕೂಲಿ ಯಾರು ಕೊಡುತ್ತಾರೆ ಎಂಬ ನಾಲ್ಕು ಪ್ರಶ್ನೆ ಕೇಳಿದರೆ ಸುದ್ದಿ ಬೇರೆಯೇ ಆಗುತ್ತದೆ. ಮೊಗ್ಲಿಂಗ್ ಬದುಕನ್ನು ಓದುವಾಗ ನಾವು ಕೇಳಬೇಕಾದ್ದೂ ಇವೇ ಪ್ರಶ್ನೆಗಳನ್ನು.

ಮೊಗ್ಲಿಂಗ್‌ರನ್ನು ನಮ್ಮ ಮೂಲಪುರುಷ ಎಂದು ಒಪ್ಪಿಕೊಂಡಿದ್ದೇವೆ. ಒಪ್ಪಿಕೊಂಡ ಮೇಲೆ ಅವರನ್ನು ನಮಗೆ ಬೇಕಾದ ಅಳತೆಗೆ ಕತ್ತರಿಸುವುದು ಬೇಡ. 'ಮಂಗಳೂರ ಸಮಾಚಾರ'ದ 16 ಸಂಚಿಕೆಗಳ ಜೊತೆ 1844ರ ಜನವರಿ 6ನ್ನೂ, ದಾಸರ ಪದಗಳ ಜೊತೆ ಆನಂದಪುರವನ್ನೂ ಸೇರಿಸಿ ಹೇಳೋಣ. ಮುಂದಿನ ಜುಲೈ 1ರ ಭಾಷಣ ಐದು ನಿಮಿಷ ಉದ್ದವಾದರೂ ಪರವಾಗಿಲ್ಲ.