ಗವಸಣಿಗೆಯಿಂದ ಕವಚದವರೆಗೆ: ಗಿಟಾರಿನ ಪೆಟ್ಟಿಗೆ ಹೇಳುವ ಚರಿತ್ರೆ

ವಾದ್ಯಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಆ ವಾದ್ಯಗಳನ್ನು ಇರಿಸಿದ ಪೆಟ್ಟಿಗೆಗಳ ಚರಿತ್ರೆಗೆ ಗಮನ ಕೊಟ್ಟವರು ವಿರಳ. ನಮ್ಮಲ್ಲಿ ವೀಣೆಗೂ ತಂಬೂರಿಗೂ ಹೊದಿಸುವ ಬಟ್ಟೆಗೆ ಗವಸಣಿಗೆ ಎಂಬ ಹಳೆಯ ಹೆಸರಿದೆ. ಗವಸಣಿಗೆ ಧೂಳನ್ನು ತಡೆಯುತ್ತದೆ; ಪೆಟ್ಟನ್ನು ತಡೆಯುವುದಿಲ್ಲ. ತಡೆಯಬೇಕಾದ ಅಗತ್ಯವೂ ಬಹುಕಾಲ ಇರಲಿಲ್ಲ. ವಾದ್ಯವು ವಾದಕನ ಅಥವಾ ಶಿಷ್ಯನ ತೋಳಿನಲ್ಲಿಯೇ ಪ್ರಯಾಣ ಮಾಡುತ್ತಿದ್ದ ಕಾಲದಲ್ಲಿ ಆ ತೋಳೇ ಅದರ ಕವಚವಾಗಿತ್ತು. ವಾದ್ಯವು ಒಡೆಯನ ಕಣ್ಣಳತೆಯನ್ನು ದಾಟಿ ಅಪರಿಚಿತರ ಕೈಗೆ ಹೋದಾಗಲೇ ಗಟ್ಟಿಯಾದ ಪೆಟ್ಟಿಗೆ ಬೇಕಾಯಿತು. ಹೀಗಾಗಿ ಪೆಟ್ಟಿಗೆಯ ಚರಿತ್ರೆಯೆಂದರೆ ವಾಹನಗಳ ಚರಿತ್ರೆ. ಇನ್ನೂ ಒಳಹೊಕ್ಕು ನೋಡಿದರೆ ಹೊಣೆಗಾರಿಕೆಯ ಚರಿತ್ರೆ. ಕೈಯಿಂದ ತಯಾರಿಸಿದ ಗಿಟಾರಿನ ಮಟ್ಟಿಗೆ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ, ಕಾಪಾಡಬೇಕಾದದ್ದು ಏನನ್ನು ಎಂಬುದು ಸ್ಪಷ್ಟವಾಗಬೇಕು. ಗಿಟಾರಿನ ಧ್ವನಿಯ ಬಹುಪಾಲು ಹುಟ್ಟುವುದು ಅದರ ಮೇಲ್ಹಲಗೆಯಲ್ಲಿ. ಸ್ಪ್ರೂಸ್ ಅಥವಾ ಸೀಡರ್ ಮರದ ಆ ಹಲಗೆಯ ದಪ್ಪ ಎರಡೂವರೆಯಿಂದ ಮೂರು ಮಿಲಿಮೀಟರುಗಳ ಆಸುಪಾಸಿನದು. ಇಂದಿನ ಶಾಸ್ತ್ರೀಯ ಗಿಟಾರಿಗೆ ರೂಪ ಕೊಟ್ಟ ಸ್ಪೇನಿನ ಆಂಟೋನಿಯೋ ದೆ ಟೊರೆಸ್ (1817–1892) 1862ರಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಸಿದ. ಗಿಟಾರಿನ ಹಿಂಬದಿಯನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಉತ್ತಮ ಮರದಿಂದ ರೂಪಿಸಿದ. ಧ್ವನಿಯ ಜೀವ ಎಲ್ಲಿದೆ ಎಂಬುದನ್ನು ತೋರಿಸುವುದು ಅವನ ಗುರಿಯಾಗಿತ್ತು. ಆ ರಟ್ಟಿನ ಗಿಟಾರು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಉಕ್ಕಿನ ತಂತಿಗಳ ಗಿಟಾರಿನಲ್ಲಿ ಇಷ್ಟು ತೆಳುವಾದ ಹಲಗೆ ಹೆಚ್ಚುಕಡಿಮೆ ಎಪ್ಪತ್ತು ಕಿಲೋಗ್ರಾಂ ಎಳೆತವನ್ನು ಹಗಲಿರುಳು ತಾಳಿಕೊಂಡಿರುತ್ತದೆ. ಹಲಗೆ ದಪ್ಪವಾದರೆ ಸದ್ದು ಸಾಯುತ್ತದೆ, ತೆಳುವಾದರೆ ಒಡೆಯುತ್ತದೆ. ಒಳ್ಳೆಯ ಕುಶಲಕರ್ಮಿ ಈ ಎರಡರ ನಡುವಿನ ಅಂಚಿನಲ್ಲಿ ಕೆಲಸ ಮಾಡುವುದರಿಂದ, ಅವನು ಕೊಡದೆ ಬಿಟ್ಟ ಬಲವನ್ನು ಬೇರೊಬ್ಬರು ಹೊರಗಿನಿಂದ ಕೊಡಬೇಕಾಗುತ್ತದೆ. ಪೆಟ್ಟಿಗೆಯ ಕೆಲಸವೇ ಅದು.

ಗಿಟಾರನ್ನೂ ಪೆಟ್ಟಿಗೆಯನ್ನೂ ಕುರಿತ ಒಂದು ಜಗಳ ಜರ್ಮನಿಯ ಮಾರ್ಕ್‌ನೊಯ್‌ಕಿರ್ಖೆನ್ ಎಂಬ ಊರಿನಲ್ಲಿ ನಡೆಯಿತು. ಅಲ್ಲಿನ ಪಿಟೀಲು ತಯಾರಕರ ಸಂಘವು ಗಿಟಾರು ಮಾಡುವ ಹಕ್ಕು ತನ್ನದೆಂದು ಸಾಧಿಸಿತು. ಆಗ ಗಿಟಾರು ಮಾಡುತ್ತಿದ್ದವರಲ್ಲಿ ಹಲವರು ಬಡಗಿಗಳ ಸಂಘಕ್ಕೆ ಸೇರಿದವರು. ತಾವು ಕಲಾವಿದರು, ಅವರು ಕೇವಲ ಪೀಠೋಪಕರಣ ಮಾಡುವವರು ಎಂಬುದು ಪಿಟೀಲಿನವರ ವಾದದ ತಿರುಳು. ಆ ಬಡಗಿಗಳ ಕುಟುಂಬವೊಂದರಲ್ಲಿ 1796ರಲ್ಲಿ ಹುಟ್ಟಿದ ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್, ವಿಯೆನ್ನಾದ ಪ್ರಸಿದ್ಧ ತಯಾರಕ ಯೋಹಾನ್ ಗಿಯೋರ್ಗ್ ಸ್ಟೌಫರನ ಬಳಿ ಪಳಗಿ ಬಂದವನು. ಕೊನೆಗೆ ತೀರ್ಪು ಬಡಗಿಗಳ ಪರವಾಗಿಯೇ ಬಂದರೂ ಮಾರ್ಟಿನ್ ಅಲ್ಲಿ ನಿಲ್ಲಲಿಲ್ಲ. 1833ರಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದ. ಕೆಲವು ವರ್ಷಗಳ ಬಳಿಕ ಪೆನ್ಸಿಲ್ವೇನಿಯಾದ ನಾಜರೆತ್‌ನಲ್ಲಿ ನೆಲೆಸಿದ. ಅವನ ವಂಶದವರ ಹೆಸರಿನ ಕಾರ್ಖಾನೆ ಇಂದಿಗೂ ಅಲ್ಲಿಯೇ ಇದೆ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಇಂಥ ಗಿಟಾರುಗಳನ್ನು ಇರಿಸುತ್ತಿದ್ದುದು ಹಲಗೆಗಳನ್ನು ಜೋಡಿಸಿ ಮಾಡಿದ ಮರದ ಪೆಟ್ಟಿಗೆಗಳಲ್ಲಿ. ಬುಡದಲ್ಲಿ ಅಗಲ, ತಲೆಯ ಕಡೆಗೆ ಕಿರಿದು, ಮೇಲೆ ಕಪ್ಪು ಬಣ್ಣ. ನೋಡಿದವರಿಗೆ ಶವಪೆಟ್ಟಿಗೆಯ ನೆನಪಾಗುತ್ತಿತ್ತು. ಸಂಗ್ರಾಹಕರು ಇಂದಿಗೂ ಅವುಗಳನ್ನು ಕರೆಯುವುದು ಅದೇ ಹೆಸರಿನಿಂದ. ಒಳಗೆ ತೆಳುವಾದ ಬಟ್ಟೆಯ ಅಸ್ತರಿ, ಹೊರಗೆ ಕೊಕ್ಕೆ ಚಿಲಕ. ಕುದುರೆಗಾಡಿಯ ಹಾಗೂ ದೋಣಿಯ ಸಾಗಣೆಯಲ್ಲಿ ಮೇಲೆ ಬೀಳುವ ಭಾರವನ್ನು ಅವು ಸಮರ್ಥವಾಗಿ ತಾಳಿದವು. ಆದರೆ ಕುಲುಕಾಟವನ್ನು ಹೀರಿಕೊಳ್ಳುವ ಮೆತ್ತೆ ಅವುಗಳಲ್ಲಿ ಕಡಮೆ. ಹೊರಗಿನ ಭಾರಕ್ಕೆ ಉತ್ತರ ಕೊಟ್ಟು, ಒಳಗಿನ ಅಲುಗಾಟವನ್ನು ಮರೆತ ರಚನೆಯದು.

ರೈಲು ವ್ಯಾಪಿಸಿ, ಸಂಗೀತಗಾರರು ಊರೂರು ತಿರುಗುವ ವೃತ್ತಿ ಬೆಳೆದಂತೆ ಪೆಟ್ಟಿಗೆಯ ತೂಕವೇ ಸಮಸ್ಯೆಯಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ಲೈವುಡ್ ಆ ಸ್ಥಾನಕ್ಕೆ ಬಂತು. ಷಿಕಾಗೋದ ಗೈಬ್, ನ್ಯೂಯಾರ್ಕಿನ ಲಿಫ್ಟನ್ ಮೊದಲಾದ ಕಂಪನಿಗಳು ಗಿಟಾರಿನ ಸೊಂಟದ ಬಳುಕನ್ನೇ ಅನುಸರಿಸುವ ಪೆಟ್ಟಿಗೆಗಳನ್ನು ಮಾಡಿದವು. ಅವುಗಳ ಉತ್ತಮ ಮಾದರಿಗಳಲ್ಲಿ ಮುಚ್ಚಳ ಚಪ್ಪಟೆಯಾಗಿರದೆ ನಡುವೆ ಉಬ್ಬಿರುತ್ತಿತ್ತು. ಇದು ಅಲಂಕಾರವಲ್ಲ. ನಮ್ಮ ಹಳೆಯ ಸೇತುವೆಗಳ ಕಮಾನು ಮಾಡುವ ಕೆಲಸವನ್ನೇ ಆ ಉಬ್ಬು ಮಾಡುತ್ತದೆ: ಮೇಲೆ ಬಿದ್ದ ಭಾರವನ್ನು ನಡುವಿನಿಂದ ಅಂಚುಗಳಿಗೆ ಹರಿಸುತ್ತದೆ, ಹಾಗಾಗಿ ಮೇಲ್ಹಲಗೆಯ ತಂಟೆಗೆ ಹೋಗುವುದಿಲ್ಲ. ಅಗ್ಗದ ಗಿಟಾರುಗಳಿಗೆ ಒತ್ತಿದ ರಟ್ಟಿನ ಪೆಟ್ಟಿಗೆ ದೊರೆಯುತ್ತಿತ್ತು. ಹೊರನೋಟಕ್ಕೆ ಒಂದೇ ರೀತಿ ಕಂಡರೂ ಮಳೆಯಲ್ಲಿ ನೆನೆದ ದಿನ ಅವುಗಳ ಭೇದ ತಿಳಿಯುತ್ತಿತ್ತು.

ವಿಮಾನಯಾನ ಸಾಮಾನ್ಯವಾದ ಬಳಿಕ ಪ್ಲೈವುಡ್ಡಿಗೂ ಕಷ್ಟ ಬಂತು. ರೈಲಿನಲ್ಲಿ ಪೆಟ್ಟಿಗೆ ಕಾಲಬಳಿ ಇರುತ್ತದೆ; ವಿಮಾನದಲ್ಲಿ ಅದು ಕೆಳಗಿನ ಸರಕಿನ ಗೂಡಿಗೆ ಹೋಗುತ್ತದೆ. ಇಂಗ್ಲೆಂಡಿನ ಕೀತ್ ಕ್ಯಾಲ್ಟನ್ 1969ರಲ್ಲಿ ಫೈಬರ್‌ಗ್ಲಾಸಿನ ಪೆಟ್ಟಿಗೆಗಳನ್ನು ಮಾಡಲು ತೊಡಗಿದ. ಗಿಟಾರಿನ ಅಳತೆಗೆ ತಕ್ಕಂತೆ ಒಳಮೆತ್ತೆಯನ್ನು ಕೂರಿಸಿದ ಅವು ಸಂಚಾರಿ ಸಂಗೀತಗಾರರ ಅಚ್ಚುಮೆಚ್ಚಾದವು. 1980ರ ದಶಕದಲ್ಲಿ ಅಲ್ಲಿನದೇ ಹಿಸ್ಕಾಕ್ಸ್ ಸಂಸ್ಥೆ ಪ್ಲಾಸ್ಟಿಕ್ಕಿನ ಹೊರಚಿಪ್ಪಿಗೆ ಗಟ್ಟಿ ನೊರೆಯನ್ನು ಬೆಸೆದು, ಕಡಮೆ ತೂಕದಲ್ಲಿ ಬಲ ಪಡೆಯುವ ದಾರಿ ತೋರಿಸಿತು. ಈಚೆಗೆ ಕಾರ್ಬನ್ ನಾರಿನ ಪೆಟ್ಟಿಗೆಗಳು ಬಂದಿವೆ. ಅವು ಇನ್ನೂ ಹಗುರ, ಬೆಲೆ ಮಾತ್ರ ಭಾರ.

ಇಷ್ಟು ವರ್ಷಗಳ ಅನುಭವ ಕಲಿಸಿದ ಮುಖ್ಯ ಪಾಠ ಒಂದಿದೆ. ಗಿಟಾರು ಹೆಚ್ಚಾಗಿ ಮುರಿಯುವುದು ನೇರವಾದ ಪೆಟ್ಟಿನಿಂದಲ್ಲ, ಬೀಳುವಾಗಿನ ಹಠಾತ್ ನಿಲುಗಡೆಯಿಂದ. ಪೆಟ್ಟಿಗೆ ಬೆನ್ನಡಿಯಾಗಿ ನೆಲಕ್ಕೆ ಬಿದ್ದಾಗ ಒಡಲು ಮೆತ್ತೆಯ ಮೇಲೆ ನಿಲ್ಲುತ್ತದೆ. ಬಿರಡೆಗಳ ಭಾರ ಹೊತ್ತ ತಲೆಭಾಗ ಮಾತ್ರ ಚಾಟಿಯಂತೆ ಮುಂದೆ ಸಾಗಿ, ಕುತ್ತಿಗೆ ಸೇರುವಲ್ಲಿ ಮುರಿಯುತ್ತದೆ. ಪೆಟ್ಟಿಗೆಯ ಹೊರಮೈಯಲ್ಲಿ ಒಂದು ಗೀರೂ ಕಾಣದಿರಬಹುದು. ಆದ್ದರಿಂದ ಪೆಟ್ಟಿಗೆಯನ್ನು ಆರಿಸುವವರು ಹೊರಚಿಪ್ಪನ್ನು ತಟ್ಟಿ ನೋಡುವ ಮೊದಲು ಒಳಗನ್ನು ನೋಡಬೇಕು. ಕುತ್ತಿಗೆಗೆ ಉದ್ದಕ್ಕೂ ಆಧಾರವಿರಬೇಕು. ತಲೆ ಯಾವುದಕ್ಕೂ ತಾಗದೆ ಇರಬೇಕು. ಮುಚ್ಚಿ ಅಲುಗಿಸಿದರೆ ಗಿಟಾರು ಕದಲಬಾರದು. ಮುಚ್ಚಳ ಕುದುರೆಯ ಮೇಲೆ ಒತ್ತಬಾರದು. ಸಾಗಣೆಗೆ ಮುನ್ನ ತಂತಿಗಳನ್ನು ತುಸು ಸಡಿಲಿಸುವಂತೆ ಕೆಲವು ತಯಾರಕರು ಹೇಳುವುದೂ ಈ ಕಾರಣಕ್ಕೇ.

ಪೆಟ್ಟಿನಷ್ಟೇ ಅಪಾಯಕಾರಿ ಗಾಳಿ. ಮರವು ತೇವವನ್ನು ಹೀರಿದಾಗ ಎಳೆಗಳ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಎಳೆಗಳ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಮೇಲ್ಹಲಗೆಯ ಅಡಿಯಲ್ಲಿ ಅದರ ಎಳೆಗಳಿಗೆ ಅಡ್ಡವಾಗಿ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಒಣಹವೆಯಲ್ಲಿ ಹಲಗೆ ಕುಗ್ಗಬಯಸುತ್ತದೆ, ಪಟ್ಟಿ ಬಿಡುವುದಿಲ್ಲ, ಬಿರುಕು ಹುಟ್ಟುತ್ತದೆ. ಕುಶಲಕರ್ಮಿಗಳು ಸಾಮಾನ್ಯವಾಗಿ ಶೇ. 45ರಿಂದ 50ರ ತೇವಾಂಶದಲ್ಲಿ ಗಿಟಾರು ಕಟ್ಟುತ್ತಾರೆ. ಮುಚ್ಚಿದ ಕಾರಿನ ಬಿಸಿಯಲ್ಲಿ ಬಿಟ್ಟರೆ ಅಂಟು ಮೆತ್ತಗಾಗಿ ಕುದುರೆ ಮೇಲೇಳುತ್ತದೆ. ಒಳ್ಳೆಯ ಪೆಟ್ಟಿಗೆ ಈ ಬದಲಾವಣೆಗಳನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ.

ಇಲ್ಲಿ ನಮ್ಮ ನಾಡಿನ ಮರವೊಂದು ಕಥೆಯೊಳಗೆ ಬರುತ್ತದೆ. ಉತ್ತಮ ಗಿಟಾರುಗಳ ಹಿಂಬದಿಗೂ ಪಕ್ಕಗಳಿಗೂ ಬಹುಕಾಲ ಬ್ರೆಜಿಲಿನ ರೋಸ್‌ವುಡ್ ಬಳಕೆಯಾಗುತ್ತಿತ್ತು. ದಿಮ್ಮಿಗಳ ರಫ್ತಿಗೆ ಬ್ರೆಜಿಲ್ ಕಡಿವಾಣ ಹಾಕಿದ್ದರಿಂದ ಮಾರ್ಟಿನ್ ಸಂಸ್ಥೆ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ ತಿರುಗಿತು. ಅದು ಬೇರಾವುದೂ ಅಲ್ಲ, ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ನಮ್ಮ ಬೀಟೆ. ಮೈಸೂರಿನ ಕೆತ್ತನೆಯವರ ಕೈಯಲ್ಲಿ ಆನೆ ಅಂಬಾರಿಗಳ ಹಿನ್ನೆಲೆಯಾದ ಮರ. ಹತ್ತೊಂಬತ್ತನೆಯ ಶತಮಾನದ ಮುಂಬಯಿಯಲ್ಲಿ ಸಿರಿವಂತರ ದಿವಾನಖಾನೆಯ ಕಪ್ಪು ಕುರ್ಚಿಗಳಾದ ಮರ. ಮಲೆನಾಡಿನ ಮಳೆಯಲ್ಲಿ ಬೆಳೆದ ಬೀಟೆ ನಾಜರೆತ್ತಿಗೆ ಹೋಗಿ ಗಿಟಾರಾಗಿ, ಮತ್ತೆ ಲೋಕವನ್ನೆಲ್ಲ ಸುತ್ತತೊಡಗಿತು. 2017ರ ಜನವರಿಯಲ್ಲಿ ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವು ಬೀಟೆಯ ಕುಲದ ಮರಗಳನ್ನೆಲ್ಲ ತನ್ನ ಪಟ್ಟಿಯಲ್ಲಿ ಸೇರಿಸಿತು; ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆತದ್ದು 2019ರ ಕೊನೆಯಲ್ಲಿ. ಬ್ರೆಜಿಲಿನ ಮರವಾದರೋ 1992ರಿಂದಲೇ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಹೆಚ್ಚುವರಿ ತಂತಿಗಳಿಗೆಂದು ಪೆಟ್ಟಿಗೆಯೊಳಗೆ ಮಾಡಿದ್ದ ಪುಟ್ಟ ಗೂಡಿನಲ್ಲಿ ಈಗ ಮರದ ಜಾತಕವನ್ನೂ ಇಟ್ಟುಕೊಳ್ಳಬೇಕಾದ ಕಾಲ ಬಂದಿದೆ.

ಇನ್ನು ಹೊಣೆಯ ವಿಚಾರ. 1929ರ ವಾರ್ಸಾ ಒಪ್ಪಂದವು ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ಹಾನಿಗೊಂಡ ಸಾಮಾನಿಗೆ ಪರಿಹಾರದ ಮಿತಿಯನ್ನು ಕಿಲೋಗ್ರಾಮಿಗೆ 250 ಫ್ರಾಂಕ್ ಎಂದು ಗೊತ್ತುಪಡಿಸಿತು. ದೂರು ಕೊಡಲು ಮೂರು ದಿನಗಳ ಗಡುವು. ಅಂದರೆ ಎರಡು ಕಿಲೋ ತೂಗುವ ಗಿಟಾರಿನ ಮಿತಿಯೂ ಎರಡು ಕಿಲೋ ಬಟ್ಟೆಯ ಮಿತಿಯೂ ಒಂದೇ. ಕುಶಲಕರ್ಮಿಯು ಮರವನ್ನು ಹೆರೆದು ಹೆರೆದು ಹಗುರ ಮಾಡಿದಷ್ಟೂ ಕಾನೂನಿನ ಕಣ್ಣಿನಲ್ಲಿ ಅದರ ಬೆಲೆ ಇಳಿಯುತ್ತಿತ್ತು. ಏರಿಸಬಲ್ಲದ್ದು ಪೆಟ್ಟಿಗೆಯ ತೂಕವೊಂದೇ! 1999ರ ಮಾಂಟ್ರಿಯಲ್ ಒಪ್ಪಂದ, ಭಾರತವೂ 2009ರಲ್ಲಿ ಸೇರಿದ ಒಪ್ಪಂದ, ತೂಕದ ಲೆಕ್ಕವನ್ನು ಕೈಬಿಟ್ಟು ಪ್ರತಿ ಪ್ರಯಾಣಿಕನಿಗೆ ಇಷ್ಟೆಂದು ಮಿತಿ ಹಾಕಿತು: ಆಗ 1,000 ಎಸ್‌ಡಿಆರ್, 2024ರ ಕೊನೆಯಿಂದ 1,519. ಸಾಮಾನು ಪಡೆದ ಏಳು ದಿನಗಳೊಳಗೆ ಲಿಖಿತ ದೂರು ಕೊಡಬೇಕು. ಸಾಮಾನು ಒಪ್ಪಿಸುವಾಗಲೇ ಹೆಚ್ಚಿನ ಮೌಲ್ಯವನ್ನು ಘೋಷಿಸಿ, ಕೇಳಿದರೆ ಹೆಚ್ಚುವರಿ ಶುಲ್ಕ ತೆತ್ತು, ಈ ಮಿತಿಯನ್ನು ಮೀರಲು ಅವಕಾಶವೂ ಇದೆ. ವಸ್ತುವಿನ ಸಹಜ ದೋಷದಿಂದಾದ ಹಾನಿಗೆ ಮಾತ್ರ ವಿಮಾನ ಸಂಸ್ಥೆ ಹೊಣೆಯಲ್ಲ. ತೆಳುವಾಗಿರುವುದೇ ಗುಣವಾದ ವಸ್ತುವಿನ ವಿಷಯದಲ್ಲಿ ಸಹಜ ಗುಣವೆಲ್ಲಿ ಮುಗಿಯಿತು, ದೋಷವೆಲ್ಲಿ ಮೊದಲಾಯಿತು ಎಂಬುದು ವಕೀಲರಿಗೆ ಒಳ್ಳೆಯ ಮೇವು.

2008ರಲ್ಲಿ ಕೆನಡಾದ ಗಾಯಕ ಡೇವ್ ಕ್ಯಾರಲ್ ಅವರ ಟೇಲರ್ ಗಿಟಾರು ಷಿಕಾಗೋ ಮಾರ್ಗದ ಪ್ರಯಾಣದಲ್ಲಿ ಮುರಿಯಿತು. ರಿಪೇರಿಗೆ 1,200 ಡಾಲರ್ ತಗಲಿತು. ಇಪ್ಪತ್ತನಾಲ್ಕು ಗಂಟೆಗಳೊಳಗೆ ದೂರು ಕೊಡಲಿಲ್ಲವೆಂದು ವಿಮಾನ ಸಂಸ್ಥೆ ಪರಿಹಾರವನ್ನು ನಿರಾಕರಿಸಿತು. ತಿಂಗಳುಗಟ್ಟಲೆ ಪತ್ರವ್ಯವಹಾರ ನಡೆಸಿ ಸೋತ ಅವರು ಮುಂದಿನ ವರ್ಷದ ಜುಲೈಯಲ್ಲಿ ‘ಯುನೈಟೆಡ್ ಬ್ರೇಕ್ಸ್ ಗಿಟಾರ್ಸ್’ ಎಂಬ ಹಾಡನ್ನು ಯೂಟ್ಯೂಬಿನಲ್ಲಿ ಹಾಕಿದರು. ಲಕ್ಷಾಂತರ ಜನ ಕೇಳಿದರು. ಇತ್ತ ಅಮೆರಿಕದ ಸಂಗೀತಗಾರರ ಸಂಘಟನೆಯೂ ವರ್ಷಗಳಿಂದ ಒತ್ತಾಯ ಮಾಡುತ್ತಲೇ ಇತ್ತು. 2012ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ, 2015ರಲ್ಲಿ ಅದು ನಿಯಮವಾಗಿ ಜಾರಿಗೆ ಬಂತು: ವಿಮಾನ ಹತ್ತುವಾಗ ಮೇಲಿನ ಗೂಡಿನಲ್ಲಿ ಸ್ಥಳವಿದ್ದರೆ ಗಿಟಾರಿನಂಥ ವಾದ್ಯವನ್ನು ಜೊತೆಯಲ್ಲಿ ಒಯ್ಯಲು ಬಿಡಬೇಕು. ಶತಮಾನವಿಡೀ ಪೆಟ್ಟಿಗೆಯನ್ನು ಬಲಪಡಿಸುತ್ತ ಬಂದವರು ಕೊನೆಗೆ ಕೇಳಿ ಪಡೆದದ್ದು, ವಾದ್ಯವನ್ನು ತಮ್ಮ ಕಣ್ಣೆದುರಿಗೆ ಇಟ್ಟುಕೊಳ್ಳುವ ಹಕ್ಕನ್ನು.

ಈ ವಿಷಯ ನನಗೆ ಕೇವಲ ಗ್ರಂಥಗಳ ವಿಷಯವಲ್ಲ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಮನೆಯೆಂಬುದು ವರ್ಗಾವಣೆಯ ಆದೇಶ ಬರುವವರೆಗಿನ ಮಾತು. ಈ ಬಾರಿಯ ಆದೇಶ ದೆಹಲಿಯಿಂದ ಚೆನ್ನೈಗೆ. ಮಗಳ ಬಳಿ ಕುಶಲಕರ್ಮಿಯೊಬ್ಬರು ತಿಂಗಳುಗಟ್ಟಲೆ ಕೂತು ಮಾಡಿಕೊಟ್ಟ ಗಿಟಾರಿದೆ. ಅವರು ಈಗ ಕೆಲಸ ನಿಲ್ಲಿಸಿದ್ದಾರೆ. ಮುರಿದರೆ ಹಣ ಬರಬಹುದು, ಅದೇ ಗಿಟಾರು ಬರುವುದಿಲ್ಲ. ಮೇ ತಿಂಗಳ ದೆಹಲಿಯ ಒಣಗಾಳಿಯಿಂದ ಕಡಲ ತೀರದ ಜಿಗುಟು ಹವೆಗೆ ಅದು ಹೋಗಬೇಕು. ಸಾಮಾನಿನ ಲಾರಿಗೆ ಕೊಡುವುದು ಸಲ್ಲದು. ಗಿಟಾರಿನ ಅರ್ಧ ಬೆಲೆಯಷ್ಟಾಗುವ ಫೈಬರ್‌ಗ್ಲಾಸ್ ಪೆಟ್ಟಿಗೆ ತರಿಸಿ ವಿಮಾನಕ್ಕೆ ಒಪ್ಪಿಸುವುದೋ, ಉಬ್ಬು ಮುಚ್ಚಳದ ಪ್ಲೈವುಡ್ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ಜೊತೆಯಲ್ಲೇ ಒಯ್ಯುವುದೋ ಎಂದು ಲೆಕ್ಕ ಹಾಕಿದೆವು. “ಅಪ್ಪಾ, ನನ್ನ ಬರ್ತಿನ ಮೇಲೇ ಇಟ್ಕೋತೀನಿ” ಎಂದು ಅವಳು ತೀರ್ಮಾನವನ್ನು ಹಗುರ ಮಾಡಿದಳು. ಅಳತೆಗೆ ಒಪ್ಪುವ ಪ್ಲೈವುಡ್ ಪೆಟ್ಟಿಗೆ, ಅದರೊಳಗೆ ತೇವವನ್ನು ಹದದಲ್ಲಿಡುವ ಎರಡು ಪೊಟ್ಟಣ, ತಮಿಳುನಾಡು ಎಕ್ಸ್‌ಪ್ರೆಸ್ಸಿನ ಟಿಕೆಟ್ಟು. ಚೆನ್ನೈಗೆ ಸೇರಿದ ಮೇಲೆ ಪೆಟ್ಟಿಗೆಯನ್ನು ಒಂದು ದಿನ ತೆರೆಯದೆ ಇಡುವುದು. ನಮ್ಮ ಆಯ್ಕೆ ಇಷ್ಟು.

ಪ್ರಯಾಣ ಬೇರೆಯಾಗಿದ್ದರೆ ಉತ್ತರವೂ ಬೇರೆಯಾಗುತ್ತಿತ್ತು. ವಾರಕ್ಕೆರಡು ವಿಮಾನ ಹತ್ತುವ ವಾದಕನಿಗೆ ಫೈಬರ್‌ಗ್ಲಾಸ್ ದುಬಾರಿಯಲ್ಲ. ಕೋಣೆಯಿಂದ ಪಾಠಶಾಲೆಗೆ ಹೋಗುವವನಿಗೆ ಮೆತ್ತೆಯ ಚೀಲವೇ ಸಾಕು. ವಾದ್ಯ ಯಾರ ಕೈಗೆ ಹೋಗುತ್ತದೆ, ಎಷ್ಟು ಹೊತ್ತು, ಎಂಥ ಹವೆಯಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡವರಿಗೆ ಪೆಟ್ಟಿಗೆಯ ಆಯ್ಕೆ ತಾನಾಗಿ ತಿಳಿಯುತ್ತದೆ. ಕುಶಲಕರ್ಮಿ ಮರವನ್ನು ಒಡೆಯುವ ಅಂಚಿನವರೆಗೆ ತೆಳು ಮಾಡಿದ್ದು, ಮುಂದೆ ಅದನ್ನು ಎತ್ತಿಕೊಳ್ಳುವವರು ಜೋಪಾನ ಮಾಡುತ್ತಾರೆಂಬ ನಂಬಿಕೆಯಿಂದ. ಆ ನಂಬಿಕೆಯನ್ನು ಉಳಿಸುವ ಕೆಲಸದಲ್ಲಿ ಪೆಟ್ಟಿಗೆಯ ಪಾಲು ಅರ್ಧ. ಉಳಿದರ್ಧ ಹಿಡಿಯನ್ನು ಹಿಡಿದ ಕೈಯದು.