ರಂಗದ ಕವಚ ಮತ್ತು ಅದರ ಕಸೆ

ಯುದ್ಧಕ್ಕೆ ತೊಡುವ ಕವಚ ಹೊರಗಿನಿಂದ ಬೀಳುವ ಏಟನ್ನು ತಾಳಬೇಕು. ರಂಗಕ್ಕೆ ತೊಡುವ ಕವಚ ಒಳಗಿರುವ ಮೈಯ ಕುಣಿತವನ್ನು ತಾಳಬೇಕು. ಈ ಕಾರಣಕ್ಕೆ ವಿಜಯವಾಡ ಮತ್ತು ವಿಶಾಖಪಟ್ಟಣಗಳ ಆಸುಪಾಸಿನಲ್ಲಿ ಬೆಳೆದ ಕೂಚಿಪುಡಿ ಮೇಳಗಳಲ್ಲೂ ಪೌರಾಣಿಕ ಪದ್ಯನಾಟಕಗಳಲ್ಲೂ ಬಳಕೆಗೆ ಬಂದ ಭುಜಕೀರ್ತಿ, ಎದೆಕವಚ, ಕಿರೀಟಗಳ ಚರಿತ್ರೆಯನ್ನು ಅರಿಯಲು ಅವುಗಳ ಹೊಳೆಯುವ ಮುಖಕ್ಕಿಂತ ಬೆನ್ನಿನ ಕಡೆಯನ್ನು, ಅಂದರೆ ಅವನ್ನು ಮೈಗೆ ಬಿಗಿಯುವ ಕಸೆ, ಕುಣಿಕೆ, ಪಟ್ಟಿಗಳನ್ನು ನೋಡುವುದು ಹೆಚ್ಚು ಉಪಯುಕ್ತ. ಕಸೆಯೆಂದರೆ ಉಡುಪಿನ ಅಥವಾ ಆಭರಣದ ಅಂಚಿಗೆ ಸೇರಿಸಿದ ಕಟ್ಟುದಾರ. ಅದು ಸಡಿಲವಾದರೆ ಬಾಣಾಸುರನ ಪ್ರತಾಪವೂ ಸಡಿಲವಾಗುತ್ತದೆ.

ಈ ವಿಷಯದ ಶಾಸ್ತ್ರೀಯ ವಿಚಾರ ಬಹಳ ಹಳೆಯದು. ವೇಷಭೂಷಣವನ್ನು ಕುರಿತ ಆಹಾರ್ಯಾಭಿನಯದ ಭಾಗದಲ್ಲಿ ಭರತನ ನಾಟ್ಯಶಾಸ್ತ್ರವು ಆಭರಣಗಳನ್ನು ಅವುಗಳ ಬೆಲೆಯಿಂದಲೋ ಲೋಹದಿಂದಲೋ ವಿಂಗಡಿಸದೆ, ಅವು ಮೈಗೆ ಸೇರುವ ಬಗೆಯಿಂದ ವಿಂಗಡಿಸುತ್ತದೆ: ಕಿವಿಯಂಥ ಅಂಗವನ್ನು ಚುಚ್ಚಿ ತೊಡುವುದು ಆವೇಧ್ಯ, ಸೊಂಟದ ಪಟ್ಟಿ ಮತ್ತು ತೋಳಬಂದಿಗಳಂತೆ ಕಟ್ಟಿಕೊಳ್ಳುವುದು ಬಂಧನೀಯ, ನೂಪುರದಂತೆ ತೂರಿಸಿಕೊಳ್ಳುವುದು ಕ್ಷೇಪ್ಯ, ಹಾರದಂತೆ ಮೇಲೆ ಹಾಕಿಕೊಳ್ಳುವುದು ಆರೋಪ್ಯ. ಭಾರದ ಒಡವೆ ನಟನನ್ನು ದಣಿಸಿ ಅವನ ಚಲನೆಗೆ ಅಡ್ಡಿಯಾಗುತ್ತದೆ, ಆದ್ದರಿಂದ ಅರಗು, ಅಭ್ರಕ, ತೆಳು ತಗಡುಗಳಂಥ ಹಗುರ ಸಾಮಗ್ರಿಯಿಂದಲೇ ಅವನ್ನು ಮಾಡಬೇಕೆಂದೂ ಅದೇ ಗ್ರಂಥ ವಿಧಿಸುತ್ತದೆ. ಚಿನ್ನದ ತೂಕವನ್ನು ಇಷ್ಟು ನಿಷ್ಠುರವಾಗಿ ತಳ್ಳಿಹಾಕಿದ ಶಾಸ್ತ್ರಕಾರನಿಗೆ ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ಕಷ್ಟಗಳು ಚೆನ್ನಾಗಿ ಗೊತ್ತಿದ್ದವೆಂದು ಭಾವಿಸಬಹುದು.

ಹಗುರತೆಯ ಈ ನಿಯಮ ಕೃಷ್ಣಾ ತೀರದಲ್ಲಿ ಮರದ ರೂಪ ತಾಳಿತು. ಗೋಲ್ಕೊಂಡದ ಅಬುಲ್ ಹಸನ್ ತಾನಾಶಾಹನು ಮೇಳದ ಬ್ರಾಹ್ಮಣ ಕುಟುಂಬಗಳಿಗೆ ಅಗ್ರಹಾರವಾಗಿ ಕೊಟ್ಟನೆಂದು ಪರಂಪರೆ ಹೇಳುವ ಕೂಚಿಪುಡಿ ಗ್ರಾಮವು ವಿಜಯವಾಡದ ಆಗ್ನೇಯಕ್ಕಿದೆ. ಅಲ್ಲಿನ ಕಲಾವಿದರ ಆಭರಣಗಳನ್ನು ಸಾಂಪ್ರದಾಯಿಕವಾಗಿ ಬೂರುಗದಂಥ ಹಗುರ ಮರದಿಂದ ಕೊರೆದು, ಮೇಲೆ ಬಣ್ಣ ಹಾಗೂ ಬೇಗಡೆ, ಅಂದರೆ ಹೊಳೆಯುವ ತೆಳು ತಗಡಿನ ಹಾಳೆ, ಕೂರಿಸಲಾಗುತ್ತಿತ್ತು. ನಗರದ ವಾಯವ್ಯಕ್ಕಿರುವ ಕೊಂಡಪಲ್ಲಿಯಲ್ಲಿ ಬೊಂಬೆ ಮಾಡುವವರು ಬಿಳಿ ಪೊಣಿಕಿಯೆಂಬ ಮೆದು ಮರವನ್ನು ಬಳಸುತ್ತಾರೆ. ಅದರ ತುಂಡುಗಳನ್ನು ಹುಣಸೆಬೀಜದ ಪುಡಿ ಮತ್ತು ಮರದ ಹೊಟ್ಟು ಕಲಸಿದ ಮಕ್ಕು ಎಂಬ ಅಂಟಿನಿಂದ ಜೋಡಿಸುತ್ತಾರೆ. ಬೊಂಬೆಗೆ ಈ ಅಂಟು ಸಾಕು, ಏಕೆಂದರೆ ಬೊಂಬೆಯ ಕೈ ಎತ್ತಿದ್ದು ಎತ್ತಿದಂತೆಯೇ ಇರುತ್ತದೆ. ವೇಷದ ಮರಕ್ಕೆ ಸಾಲದು.

ಮೆದು ಮರದ ಗುಣವೇ ಕಟ್ಟಿನ ವಿಧಾನವನ್ನು ನಿರ್ಧರಿಸುತ್ತದೆ. ಹಲಗೆಯ ಅಂಚಿನಲ್ಲಿ ತೂತು ಕೊರೆದು ನೇರವಾಗಿ ದಾರ ಪೋಣಿಸಿದರೆ, ನಾಲ್ಕು ಜತಿ ಮುಗಿಯುವುದರೊಳಗೆ ದಾರ ಮರವನ್ನು ಎಳೆಯ ಗುಂಟ ಸೀಳಿಬಿಡುತ್ತದೆ. ಆದ್ದರಿಂದ ಹಲಗೆಯ ಹಿಂಬದಿಗೆ ದಪ್ಪ ಬಟ್ಟೆಯನ್ನು ಅಂಟಿಸಿ, ಆ ಬಟ್ಟೆಗೆ ಕುಣಿಕೆ ಹೊಲಿದು, ಕುಣಿಕೆಯೊಳಗೆ ಕಸೆ ತೂರಿಸುವುದು ಕ್ಷೇಮ. ಹೀಗೆ ಮಾಡಿದಾಗ ಜಗ್ಗುವ ಬಲ ಒಂದೇ ಬಿಂದುವಿನ ಮೇಲೆ ಬೀಳದೆ ಇಡೀ ಬಟ್ಟೆಗೆ ಹರಡುತ್ತದೆ, ಜೊತೆಗೆ ಅದೇ ಬಟ್ಟೆ ಬೆವರು ಹೀರುವ ಒಳಪದರವೂ ಆಗುತ್ತದೆ. ಹತ್ತಿಯ ಹುರಿ ಬೆವರಿಗೆ ಉಬ್ಬಿ ಗಂಟನ್ನು ಹಿಡಿದಿಡುತ್ತದೆ, ರೇಷ್ಮೆಯ ದಾರ ನುಣುಪಿನಿಂದ ಜಾರುತ್ತದೆ. ಪ್ರೇಕ್ಷಕನಿಗೆ ಕಾಣುವ ಗೊಂಡೆ ರೇಷ್ಮೆಯದಾಗಿದ್ದರೂ ಕಾಣದ ಕಸೆ ಹತ್ತಿಯದೇ ಆಗಿರುವುದು ಲೇಸು.

ಕಟ್ಟುಗಳಲ್ಲೆಲ್ಲ ಕಠಿಣವಾದದ್ದು ಭುಜಕೀರ್ತಿಯ ಕಟ್ಟು. ಹೆಗಲ ತುದಿಯಲ್ಲಿ ರೆಕ್ಕೆಯಂತೆ ನಿಲ್ಲುವ ಈ ಅಲಂಕಾರಕ್ಕೆ ಕೆಳಗೆ ಆಸರೆಯಿಲ್ಲ, ತೋಳು ಎತ್ತಿದಾಗಲೆಲ್ಲ ಅದರ ಬುಡವೇ ಮೇಲೇಳುತ್ತದೆ. ಕಂಕುಳ ಕೆಳಗಿನಿಂದ ಬರುವ ಒಂದು ಕಟ್ಟು ಅದನ್ನು ತೋಳಿಗೆ ಹಿಡಿದರೆ, ಬೆನ್ನಿನ ಮೇಲೆ ಎಡ ಬಲಗಳನ್ನು ಕೂಡಿಸುವ ಇನ್ನೊಂದು ಕಟ್ಟು ಎರಡೂ ಹೊರಗೆ ಜಾರದಂತೆ ಒಂದನ್ನೊಂದು ಎಳೆದು ನಿಲ್ಲಿಸುತ್ತದೆ. ಎದೆಯ ಮೇಲೆ ಅಡ್ಡಡ್ಡ ಹಾಯ್ದು ನಡುವೆ ಕೂಡುವ ಪಟ್ಟಿಯೂ ಇದೇ ತತ್ವದ್ದು. ಭಾರ್ಹುತದ ಯಕ್ಷಿಯರ ಶಿಲ್ಪದಷ್ಟು ಹಿಂದೆಯೇ ಕಾಣುವ ಈ ಅಡ್ಡಪಟ್ಟಿಯನ್ನು ಕಲಾಚರಿತ್ರಕಾರರು ಛನ್ನವೀರವೆಂದು ಕರೆಯುತ್ತಾರೆ. ಕರಾವಳಿ ಕರ್ನಾಟಕದ ಯಕ್ಷಗಾನದಲ್ಲೂ ಕನ್ನಡಿ ಚೂರು, ಬೇಗಡೆ ಹಚ್ಚಿದ ಮರದ ಭುಜಕೀರ್ತಿ ಮತ್ತು ಎದೆಕಟ್ಟುಗಳಿವೆ; ಆದರೆ ಬಡಗುತಿಟ್ಟಿನ ವೇಷಧಾರಿ ಬಟ್ಟೆ ಸುತ್ತಿ ಸುತ್ತಿ ಪ್ರತಿ ರಾತ್ರಿ ಹೊಸದಾಗಿ ಕಟ್ಟುವ ಮುಂಡಾಸಿನಲ್ಲಿ ಕಟ್ಟೇ ಆಭರಣವಾಗಿಬಿಡುತ್ತದೆ, ಅಲ್ಲಿ ಬಿಗಿಯುವ ದಾರವನ್ನೂ ಬಿಗಿಸಿಕೊಳ್ಳುವ ವಸ್ತುವನ್ನೂ ಬೇರೆ ಮಾಡುವುದು ಕಷ್ಟ. ಎರಡೂ ಕಡೆ ಸಮಾನವಾದದ್ದೆಂದರೆ ಬೆನ್ನಿನ ಗಂಟನ್ನು ತನಗೆ ತಾನೇ ಹಾಕಿಕೊಳ್ಳುವುದು ಯಾರಿಗೂ ಸಾಧ್ಯವಿಲ್ಲದಿರುವುದು. ಕಟ್ಟುವ ಇನ್ನೊಂದು ಜೊತೆ ಕೈ ಬೇಕು; ಆ ಕೈಗೆ ಎಲ್ಲಿ ಕಗ್ಗಂಟು ಹಾಕಬೇಕು, ಎಲ್ಲಿ ಒಂದೇ ಎಳೆತಕ್ಕೆ ಬಿಚ್ಚುವ ಜೀರುಗುಣಿಕೆ ಹಾಕಬೇಕು ಎಂಬುದು ಗೊತ್ತಿರಬೇಕು. ವೇಷಗಾರಿಕೆಯ ವಿದ್ಯೆ ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಸಾಗಿದ್ದರಲ್ಲಿ ಈ ಬೆನ್ನಿನ ಗಂಟಿನ ಪಾಲು ಸಣ್ಣದಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಲೋಕಕ್ಕೆ ಹೊಸದೊಂದು ರಂಗ ಬಂದಿತು, ಅದರಲ್ಲಿ ಕನ್ನಡ ನಾಡಿನ ಪಾಲೂ ಇತ್ತು. 1880ರಲ್ಲಿ ಧಾರವಾಡದ ನಾಟಕ ಮಂಡಳಿಯೊಂದು ರಾಜಮಹೇಂದ್ರಿಗೆ ಬಂದು ಆಟವಾಡಿದ್ದು ತೆಲುಗಿನ ಆಧುನಿಕ ರಂಗಭೂಮಿಗೆ ಚಾಲನೆ ಕೊಟ್ಟಿತು. ಅದರ ಬೆನ್ನಿಗೇ ಕಂದುಕೂರಿ ವೀರೇಶಲಿಂಗಂ ಅದೇ ಊರಿನಲ್ಲಿ ತಮ್ಮ ನಾಟಕಗಳನ್ನು ಆಡಿಸಿದರು. ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಾಚಾರ್ಯರ ಸರಸ ವಿನೋದಿನಿ ಸಭೆ ಹುಟ್ಟಿದ್ದು 1886ರಲ್ಲಿ. 1893ರಿಂದ 1896ರ ನಡುವೆ ಬೆಜವಾಡದಿಂದ, ಎಂದರೆ ಇಂದಿನ ವಿಜಯವಾಡದಿಂದ, ವಾಲ್ತೇರಿನ, ಎಂದರೆ ವಿಶಾಖಪಟ್ಟಣದ, ಮೂಲಕ ಕಟಕದವರೆಗೆ ರೈಲುಹಳಿ ತೆರೆದುಕೊಂಡ ಮೇಲೆ ಎರಡು ನಗರಗಳ ರಂಗಮಂದಿರಗಳು ಒಂದೇ ದಾರಿಯ ಮೇಲಿನ ನಿಲ್ದಾಣಗಳಾದವು. ಟ್ರಂಕಿನಲ್ಲಿ ಸಾಗಬೇಕಾದ ಕವಚ ಮರದ ಗಡುಸು ಹಲಗೆಯಾಗಿರುವುದಕ್ಕಿಂತ ಜರಿ, ಚಮ್ಕಿ ಹೊಲಿದ ಮಖಮಲ್ಲಿನ ಮಡಿಸಬಹುದಾದ ಅಂಗಿಯಾಗಿರುವುದು ಅನುಕೂಲ; ಅಂಗಿಯ ಬೆನ್ನು ಸೀಳಿ ಅಲ್ಲಿ ಕಸೆಗಳ ಸಾಲು ಇಟ್ಟರೆ ಒಂದೇ ಕವಚ ಸಣಕಲು ಅರ್ಜುನನಿಗೂ ದಪ್ಪ ಭೀಮನಿಗೂ ಹೊಂದುತ್ತದೆ.

ಪದ್ಯನಾಟಕ ಇನ್ನೊಂದು ಷರತ್ತನ್ನೂ ಒಡ್ಡಿತು. ತಿರುಪತಿ ವೇಂಕಟ ಕವಿಗಳ ಪಾಂಡವೋದ್ಯೋಗ, ಪಾಂಡವ ವಿಜಯಗಳಂಥ ನಾಟಕಗಳಲ್ಲಿ ನಟನು ಪದ್ಯವನ್ನು ಹಾಡಿ, ಅದರ ಕೊನೆಗೆ ದೀರ್ಘವಾದ ರಾಗಾಲಾಪ ಎಳೆಯುವುದನ್ನು ಪ್ರೇಕ್ಷಕರು ಕಾದಿರುತ್ತಿದ್ದರು. ಪಕ್ಕೆಲುಬಿನ ಸುತ್ತ ಬಿಗಿದ ಪಟ್ಟಿ ಉಸಿರನ್ನೇ ಕಟ್ಟಿಹಾಕುತ್ತದೆ, ಆದ್ದರಿಂದ ಇಂಥ ಕವಚದ ಭಾರ ಹೆಗಲಿನ ಮೇಲೂ ಸೊಂಟದ ಡಾಬಿನ ಮೇಲೂ ಕೂರಬೇಕು, ನಡುವಿನ ಎದೆ ಸಡಿಲವಾಗಿರಬೇಕು. ಹಾಡುವ ದುರ್ಯೋಧನನಿಗೂ ಕುಣಿಯುವ ಹಿರಣ್ಯಕಶಿಪುವಿಗೂ ಒಂದೇ ಕಟ್ಟು ಒಪ್ಪದಿರುವುದು ಹೀಗೆ.

ವಿಶಾಖಪಟ್ಟಣದ ಕಡೆಯ ಕಥೆ ತುಸು ಬೇರೆ. 1757ರ ಜನವರಿಯ ಬೊಬ್ಬಿಲಿ ಕದನ ಈ ಸೀಮೆಯ ಜನಮನದಲ್ಲಿ ಉಳಿದದ್ದು. 1950ರಲ್ಲಿ ಶ್ರೀಕಾಕುಳಂ ಜಿಲ್ಲೆ ಬೇರೆಯಾಗುವವರೆಗೆ ಬೊಬ್ಬಿಲಿ ವಿಶಾಖಪಟ್ಟಣ ಜಿಲ್ಲೆಯಲ್ಲಿಯೇ ಇತ್ತು. ಶ್ರೀಪಾದ ಕೃಷ್ಣಮೂರ್ತಿ ಶಾಸ್ತ್ರಿಗಳ ಬೊಬ್ಬಿಲಿ ಯುದ್ಧದಂಥ ಐತಿಹಾಸಿಕ ನಾಟಕಕ್ಕೆ ಭುಜಕೀರ್ತಿ ಹೊಂದುವುದಿಲ್ಲ. ಅಲ್ಲಿ ಬೇಕಾದ ಮಾದರಿ ದಖ್ಖನ್ನಿನ ನಿಜವಾದ ಯುದ್ಧಕವಚದ್ದು, ವಿಶೇಷವಾಗಿ ಚಾರ್ ಆಯಿನಾದ್ದು: ಎದೆ, ಬೆನ್ನು, ಎರಡು ಪಕ್ಕಗಳಿಗೆ ಒಂದೊಂದರಂತೆ ನಾಲ್ಕು ತಗಡುಗಳನ್ನು ತೊಗಲಿನ ಬಾರು ಮತ್ತು ಬಕಲುಗಳಿಂದ ಕೂಡಿಸಿ ಉಕ್ಕಿನ ಬಳೆಯಂಗಿಯ ಮೇಲೆ ತೊಡುತ್ತಿದ್ದ ಕವಚ. ಬಕಲಿನ ಗುಣವೆಂದರೆ ಅಳತೆಯ ತೂತುಗಳಿರುವುದರಿಂದ ನಿನ್ನೆಯ ಬಿಗಿತವೇ ಇಂದೂ ಸಿಗುತ್ತದೆ, ಪಕ್ಕದಲ್ಲಿದ್ದರೆ ತೊಡುವವನೇ ಹಾಕಿಕೊಳ್ಳಬಹುದು. ದೋಷವೆಂದರೆ ಮಡಿಕೆ ಬೀಳುವ ಜಾಗದಲ್ಲಿ ಚರ್ಮ ಬಿರಿಯುತ್ತದೆ.

ಅಲುಗಾಡದ ಮೈಗೆ ಕವಚ ತೊಡಿಸುವುದು ಬೇರೆಯೇ ಕೆಲಸ. ವಿಜಯವಾಡದ ಇಂದ್ರಕೀಲಾದ್ರಿಯ ಕನಕದುರ್ಗೆಗೆ ಮಾಡುವ ಸ್ವರ್ಣಕವಚಾಲಂಕಾರದಲ್ಲಿ ಲೋಹದ ತೂಕ ದೋಷವಲ್ಲ, ಮೂರ್ತಿಗೆ ಉಸಿರಾಟದ ತೊಡಕೂ ಇಲ್ಲ. ನಾಟ್ಯಶಾಸ್ತ್ರದ ನಿಷೇಧ ಅನ್ವಯಿಸದ ಕವಚವೆಂದರೆ ಅದೊಂದೇ ಇರಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಕಸೆಯ ಜಾಗಕ್ಕೆ ಒಂದೊಂದಾಗಿ ಬೇರೆ ಸಾಧನಗಳು ಬಂದವು. 1849ರಲ್ಲಿ ಅಮೆರಿಕದ ವಾಲ್ಟರ್ ಹಂಟ್ ಪೇಟೆಂಟ್ ಪಡೆದ ಸೇಫ್ಟಿ ಪಿನ್ನು ಚೌಕಿಯ ಆಪದ್ಬಾಂಧವನಾಯಿತು. ಹುಕ್ಕು, ಟಿಚ್ ಬಟನ್ನು, ಎಲಾಸ್ಟಿಕ್ಕುಗಳೂ ಸೇರಿಕೊಂಡವು. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ಅವರಿಗೆ 1955ರಲ್ಲಿ ಪೇಟೆಂಟ್ ದೊರೆತ ವೆಲ್ಕ್ರೋ, ಫೋಮ್ ಶೀಟಿನಿಂದ ಮನೆಯಲ್ಲೇ ಕತ್ತರಿಸಿ ಮಾಡುವ ಶಾಲಾ ವಾರ್ಷಿಕೋತ್ಸವದ ಕವಚಗಳಿಗೆ ಚೆನ್ನಾಗಿ ಒಗ್ಗಿತು. ಫೋಮು ಪೊಣಿಕಿಗಿಂತ ಹಗುರ, ಆದರೆ ಹರಿಯುವ ಸ್ವಭಾವದಲ್ಲಿ ಅದರ ತಮ್ಮನೇ ಸರಿ, ಹಾಗಾಗಿ ಹಿಂಬದಿಗೆ ಬಟ್ಟೆ ಅಂಟಿಸಿ ಬಟ್ಟೆಗೆ ಪಟ್ಟಿ ಹೊಲಿಯುವ ಹಳೆಯ ಉಪಾಯವೇ ಇಲ್ಲಿಯೂ ಬಾಳುತ್ತದೆ. ವೆಲ್ಕ್ರೋದಿಂದ ಚೌಕಿಯ ಹೊತ್ತು ಉಳಿಯಿತು, ಕಟ್ಟುವ ಇನ್ನೊಬ್ಬನ ಅಗತ್ಯ ಕಡಿಮೆಯಾಯಿತು. ಅದರ ಮಿತಿಗಳೂ ಬೇಗ ತಿಳಿದವು: ನೂಲು, ಕೂದಲು ಸಿಕ್ಕಿದಷ್ಟೂ ಹಿಡಿತ ಕುಂದುತ್ತದೆ, ರಂಗದ ಮೇಲೆ ಬಿಚ್ಚಬೇಕಾದರೆ ಪರ್ ಎಂಬ ಸದ್ದು ಕರ್ಣನ ಕವಚದಾನದಂಥ ಗಂಭೀರ ದೃಶ್ಯವನ್ನೂ ಕೆಡಿಸುತ್ತದೆ. ಕಿರೀಟದ ವಿಷಯದಲ್ಲಂತೂ ಹೊಸ ಸಾಧನಗಳು ಸೋತಿವೆ. ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ಅದರ ಮೇಲೆ ಕಿರೀಟ ಕೂರಿಸಿ, ಹುರಿಯನ್ನು ಹಿಂದಲೆಗೆ ಎಳೆದು ಕಟ್ಟಿದಾಗ ಮಾತ್ರ ಅದು ಭ್ರಮರಿಯ ಸುತ್ತಿಗೂ ಕದಲದೆ ನಿಲ್ಲುತ್ತದೆ.