ಅರವತ್ತನೆಯ ದಿನ ಯಾವುದು?

2020ರ ಮಾರ್ಚ್‌ನಲ್ಲಿ ದೇಶದ ಡೆಡ್‌ಲೈನ್‌ಗಳೆಲ್ಲ ಒಟ್ಟಿಗೇ ಸಡಿಲವಾದವು. ಇನ್‌ಕಂ ಟ್ಯಾಕ್ಸ್ ರಿಟರ್ನ್‌ಗೆ ಹೆಚ್ಚಿನ ಸಮಯ ಸಿಕ್ಕಿತು, ಇಎಂಐ ಕಟ್ಟೋದಕ್ಕೆ ಮೂರು ತಿಂಗಳ ವಿನಾಯಿತಿ ಸಿಕ್ಕಿತು. ಸುಪ್ರೀಂ ಕೋರ್ಟ್ ಕೂಡ ಮಾರ್ಚ್ 23ರಂದು ತಾನಾಗಿಯೇ ಒಂದು ಆದೇಶ ಮಾಡಿತು. ಕೋರ್ಟುಗಳಲ್ಲಿ ಅರ್ಜಿ, ಮೇಲ್ಮನವಿ ಸಲ್ಲಿಸುವ ಕಾಲಮಿತಿಯನ್ನು ಮಾರ್ಚ್ 15ರಿಂದಲೇ ಅನ್ವಯವಾಗುವಂತೆ ವಿಸ್ತರಿಸಿತು. ಬಸ್ಸಿಲ್ಲ, ರೈಲಿಲ್ಲ, ವಕೀಲರ ಆಫೀಸಿಗೆ ಬೀಗ ಬಿದ್ದಿದೆ. ಇಂಥ ಹೊತ್ತಲ್ಲಿ ದಿನ ಮೀರಿತು ಅಂತ ಯಾರ ಹಕ್ಕೂ ಹೋಗಬಾರದು ಅನ್ನೋದು ಉದ್ದೇಶ.

ಒಳ್ಳೆಯ ಉದ್ದೇಶವೇ. ಆದರೆ ಪೊಲೀಸರಿಗೂ ತನಿಖೆ ಮುಗಿಸಲು ಒಂದು ಗಡುವು ಇರುತ್ತದಲ್ಲ, ಅದೂ ಮುಂದಕ್ಕೆ ಹೋಯಿತಾ? ಹೋಗಿದ್ದರೆ, ಆ ಹೆಚ್ಚುವರಿ ದಿನಗಳನ್ನು ಜೈಲಿನ ಒಳಗೆ ಕಳೆಯುವವರು ಯಾರು?

ಮದುರೈ ಬಳಿಯ ಸಮಯನಲ್ಲೂರು ಠಾಣೆಯ ಪ್ರಕರಣವೊಂದರಲ್ಲಿ ಈ ಪ್ರಶ್ನೆ ನಿಜವಾಗಿಯೂ ಎದ್ದಿತು. ಫೆಬ್ರುವರಿ 21ರಂದು ಬಂಧಿತನಾಗಿದ್ದ ಆರೋಪಿ, ಎಪ್ಪತ್ತಮೂರು ದಿನವಾದರೂ ಚಾರ್ಜ್‌ಶೀಟ್ ಬಂದಿಲ್ಲ, ನನ್ನನ್ನು ಬಿಡಿ ಎಂದು ಕೇಳಿದ. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಮೇ 11ರಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟೇ ಎಲ್ಲ ಗಡುವುಗಳನ್ನು ವಿಸ್ತರಿಸಿದೆಯಲ್ಲ, ಪೊಲೀಸರಿಗೂ ಅದು ಸಲ್ಲುತ್ತದೆ ಎಂದಿತು. ತಮಾಷೆಯೆಂದರೆ, ಕೆಲವೇ ದಿನಗಳ ಹಿಂದೆ ಅದೇ ಹೈಕೋರ್ಟಿನ ಇನ್ನೊಬ್ಬ ನ್ಯಾಯಮೂರ್ತಿ ಇದಕ್ಕೆ ತದ್ವಿರುದ್ಧವಾಗಿ ತೀರ್ಪು ಕೊಟ್ಟಿದ್ದರು. ಜೂನ್ 19ರಂದು ಸುಪ್ರೀಂ ಕೋರ್ಟ್ ಈ ಗೊಂದಲಕ್ಕೆ ತೆರೆ ಎಳೆಯಿತು. ನಮ್ಮ ಆದೇಶ ಇದ್ದದ್ದು ಕಷ್ಟದಲ್ಲಿರುವ ಕಕ್ಷಿದಾರರಿಗೆ. ಒಬ್ಬನನ್ನು ಇನ್ನಷ್ಟು ದಿನ ಕೂಡಿಹಾಕಲು ಅಲ್ಲ ಅಂತ.

ಈ ಒಂದು ಗಡುವಿಗೆ ಯಾಕಿಷ್ಟು ತೂಕ ಅನ್ನೋದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬ್ರಿಟಿಷರ ಕಾಲದ 1898ರ ಅಪರಾಧ ಪ್ರಕ್ರಿಯಾ ಸಂಹಿತೆ ಓದಲು ಉದಾರವಾಗಿಯೇ ಇತ್ತು. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ತನಿಖೆ ಮುಗಿದಿಲ್ಲವಾದರೆ ಅದರ 167ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ಒಟ್ಟು 15 ದಿನ ಕಸ್ಟಡಿಗೆ ಕೊಡಬಹುದು. ಅಷ್ಟೇ. ಆದರೆ 15 ದಿನದಲ್ಲಿ ಎಷ್ಟು ಕೊಲೆ ಕೇಸು, ಎಷ್ಟು ದರೋಡೆ ಕೇಸಿನ ತನಿಖೆ ಮುಗಿಯುತ್ತೆ? ಹಾಗಾಗಿ ಪೊಲೀಸರು ಒಂದು ಉಪಾಯ ಕಂಡುಕೊಂಡರು. ಅರೆಬರೆ ವರದಿಯೊಂದನ್ನು ಕೋರ್ಟಿಗೆ ಹಾಕೋದು, ಆಮೇಲೆ 344ನೇ ಕಲಮಿನಡಿ ವಿಚಾರಣೆ ಮುಂದೂಡಿ ಅಂತ ಕೇಳೋದು. ಆ ಕಲಮಿನಲ್ಲಿ ಒಂದು ಸಲಕ್ಕೆ 15 ದಿನ ಅಂತ ಮಿತಿ ಇತ್ತೇ ಹೊರತು, ಎಷ್ಟು ಸಲ ಅನ್ನೋದಕ್ಕೆ ಮಿತಿ ಇರಲಿಲ್ಲ.

ನಮ್ಮ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದ ಕಥೆ ನಿಮಗೆ ಗೊತ್ತಿರುತ್ತೆ. ದೆವ್ವ ಬಂದು ಓದುತ್ತೆ, ನಾಳೆ ಬರೋಣ ಅಂತ ಹೋಗುತ್ತೆ, ಮರುದಿನ ಬಂದರೂ ಅದೇ ಬರಹ. 344ನೇ ಕಲಮು ಆರೋಪಿಯ ಪಾಲಿಗೆ ಅಂಥದ್ದೇ ಬಾಗಿಲಾಗಿತ್ತು. ಪ್ರತಿ 15 ದಿನಕ್ಕೊಮ್ಮೆ ಬಂದು ನಿಂತರೆ, ಮತ್ತೆ 15 ದಿನ.

ಕಾನೂನು ಆಯೋಗ 1969ರಲ್ಲಿ ಕೊಟ್ಟ ತನ್ನ 41ನೇ ವರದಿಯಲ್ಲಿ ಇದನ್ನು ನೇರವಾಗಿ ಎದುರಿಸಿತು. 15 ದಿನ ಅಂತ ಸುಳ್ಳು ಮಿತಿ ಇಟ್ಟುಕೊಳ್ಳೋದಕ್ಕಿಂತ 60 ದಿನದ ನಿಜವಾದ ಮಿತಿ ಇಡೋಣ ಎಂದಿತು. ಜೊತೆಗೇ ತನ್ನ ಆತಂಕವನ್ನೂ ದಾಖಲಿಸಿತು: ಗರಿಷ್ಠ ಅಂತ ಕೊಟ್ಟ ಅವಧಿಯೇ ಮಾಮೂಲಿ ಅವಧಿ ಆಗಿಬಿಡಬಹುದು. ಪ್ರಾಜೆಕ್ಟ್‌ಗೆ ಎರಡು ವಾರ ಕೊಟ್ಟರೆ ಎರಡನೇ ವಾರದ ಶುಕ್ರವಾರ ಸಂಜೆಯೇ ಫೈಲು ಬರುವ ಆಫೀಸಿನಲ್ಲಿ ಕೆಲಸ ಮಾಡೋರಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಿಲ್ಲ.

ಹೊಸ ಸಿಆರ್‌ಪಿಸಿ 1974ರ ಏಪ್ರಿಲ್ 1ರಿಂದ ಜಾರಿಗೆ ಬಂತು. 60 ದಿನದೊಳಗೆ ತನಿಖೆ ಮುಗಿಯದಿದ್ದರೆ, ಜಾಮೀನು ಒದಗಿಸಲು ಆರೋಪಿ ಸಿದ್ಧನಿದ್ದರೆ, ಅವನನ್ನು ಬಿಡಲೇಬೇಕು. ಅಪರಾಧ ಎಷ್ಟು ಘೋರ, ಸಾಕ್ಷ್ಯ ಎಷ್ಟು ಬಲವಾಗಿದೆ ಅನ್ನೋದನ್ನು ಇಲ್ಲಿ ನೋಡುವ ಹಾಗೇ ಇಲ್ಲ. ವಕೀಲರ ಬಾಯಲ್ಲಿ ಇದು ‘ಡಿಫಾಲ್ಟ್ ಬೇಲ್’. ಇದು ಖುಲಾಸೆ ಅಲ್ಲ, ಕೇಸು ಮುಂದುವರಿಯುತ್ತದೆ, ಚಾರ್ಜ್‌ಶೀಟ್ ಆಮೇಲೂ ಹಾಕಬಹುದು. ಬದಲಾಗೋದು ಒಂದೇ: ಸರ್ಕಾರದ ತಡಕ್ಕೆ ಆರೋಪಿ ಜೈಲಿನಲ್ಲಿ ಕೂತು ಬೆಲೆ ತೆರಬೇಕಿಲ್ಲ.

ನಾಲ್ಕೇ ವರ್ಷದಲ್ಲಿ, 1978ರಲ್ಲಿ, ತಿದ್ದುಪಡಿ ಬಂತು. ಮರಣದಂಡನೆ, ಜೀವಾವಧಿ ಅಥವಾ ಕನಿಷ್ಠ ಹತ್ತು ವರ್ಷದ ಶಿಕ್ಷೆ ಇರುವ ಅಪರಾಧಗಳಿಗೆ 60 ದಿನ 90 ಆಯಿತು. 1979ರಲ್ಲಿ ಬಿಹಾರದ ಜೈಲುಗಳ ಹುಸೈನಾರಾ ಖಾತೂನ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, ಪುಸ್ತಕದಲ್ಲಿದ್ದ ಈ ಹಕ್ಕು ಜೈಲಿನೊಳಗೆ ತಲುಪೇ ಇಲ್ಲ ಅನ್ನೋದು ಬಯಲಾಯಿತು. ವರ್ಷಗಟ್ಟಲೆ ಒಳಗಿದ್ದ ವಿಚಾರಣಾಧೀನ ಕೈದಿಗಳು ಅಲ್ಲಿದ್ದರು. 60 ಅಥವಾ 90 ದಿನ ಮುಗಿದಾಗ ನಿನಗೆ ಜಾಮೀನು ಕೇಳುವ ಹಕ್ಕಿದೆ ಅಂತ ಮ್ಯಾಜಿಸ್ಟ್ರೇಟರೇ ಕೈದಿಗೆ ಹೇಳಬೇಕು ಎಂದು ಕೋರ್ಟ್ ಹೇಳಿತು.

ಇನ್ನು ಲೆಕ್ಕದ ವಿಷಯ. 60 ಅಂದರೆ 60, ಅದರಲ್ಲೇನು ಜಗಳ ಅನ್ನಿಸಬಹುದು. ಜಗಳ ಇರೋದು ಮೊದಲನೆಯ ದಿನದಲ್ಲಿ.

ನಾವೇ ದಿನ ಎಣಿಸೋದರಲ್ಲಿ ಎರಡು ಪದ್ಧತಿ ಇಟ್ಟುಕೊಂಡಿದ್ದೇವೆ. ಮನೆಯಲ್ಲಿ ಸಾವಾದರೆ ಹದಿಮೂರನೇ ದಿನದ ಲೆಕ್ಕಕ್ಕೆ ತೀರಿಕೊಂಡ ದಿನವೇ ಒಂದು. ರೈಲಿನ ಮುಂಗಡ ಬುಕಿಂಗ್‌ನ 60 ದಿನಕ್ಕೆ ಮಾತ್ರ ಪ್ರಯಾಣದ ದಿನ ಸೇರುವುದಿಲ್ಲ. 1897ರ ಜನರಲ್ ಕ್ಲಾಸಸ್ ಆ್ಯಕ್ಟ್ ಕೂಡ ಎರಡನೇ ಪದ್ಧತಿಯದ್ದೇ: ‘ಇಂಥ ದಿನದಿಂದ’ ಅಂದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸಬೇಕು.

1986ರಲ್ಲಿ ಆಂಧ್ರಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಣಿಕೆ ಶುರುವಾಗೋದು ಬಂಧಿಸಿದ ದಿನದಿಂದ ಅಲ್ಲ, ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಒಪ್ಪಿಸಿದ ದಿನದಿಂದ, ಆ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದಿತು. 1995ರಲ್ಲಿ ಮಧ್ಯಪ್ರದೇಶದ ಇನ್ನೊಂದು ಪ್ರಕರಣದಲ್ಲಿ ಅದೇ ಕೋರ್ಟ್, ಮೊದಲ ದಿನವನ್ನು ಬಿಟ್ಟು ಎಣಿಸಿತು. ಎರಡೂ ತೀರ್ಪುಗಳು ಪಕ್ಕಪಕ್ಕದಲ್ಲೇ ಬದುಕಿದ್ದವು. ಯಾರಿಗೆ ಯಾವುದು ಬೇಕೋ ಅದನ್ನು ಹಿಡಿದುಕೊಂಡು ವಕೀಲರು ವಾದಿಸಿದರು, ಹೈಕೋರ್ಟುಗಳೂ ಬೇರೆಬೇರೆ ದಾರಿ ಹಿಡಿದವು.

ಒಂದು ದಿನದಿಂದ ಏನಾಗುತ್ತೆ ಅನ್ನೋದಕ್ಕೆ ಡಿಎಚ್‌ಎಫ್‌ಎಲ್‌ನ ವಾಧವಾನ್ ಸಹೋದರರ ಪ್ರಕರಣ ನೋಡಿ. ಜಾರಿ ನಿರ್ದೇಶನಾಲಯದ ಕೇಸಿನಲ್ಲಿ ಅವರನ್ನು ಕಸ್ಟಡಿಗೆ ಒಪ್ಪಿಸಿದ್ದು 2020ರ ಮೇ 14ರಂದು. ಆ ದಿನವನ್ನೂ ಸೇರಿಸಿದರೆ ಮೇ ತಿಂಗಳಲ್ಲಿ 18, ಜೂನ್‌ನಲ್ಲಿ 30, ಜುಲೈನಲ್ಲಿ 12, ಒಟ್ಟು 60. ಅಂದರೆ ಜುಲೈ 12ಕ್ಕೆ ಗಡುವು ಮುಗಿಯಿತು, ಅದು ಭಾನುವಾರ. ಮೊದಲ ದಿನ ಬಿಟ್ಟರೆ 60ನೇ ದಿನ ಜುಲೈ 13, ಸೋಮವಾರ. ದೂರಿನ ಮೂಲಪ್ರತಿ ಕೋರ್ಟಿಗೆ ಬಂದದ್ದು ಆ ಸೋಮವಾರ. ಡಿಫಾಲ್ಟ್ ಬೇಲ್ ಅರ್ಜಿ ಬಂದದ್ದೂ ಅದೇ ಸೋಮವಾರ ಬೆಳಗ್ಗೆ. ಒಂದು ಲೆಕ್ಕದಲ್ಲಿ ಜಾಮೀನು ಹಕ್ಕು, ಇನ್ನೊಂದು ಲೆಕ್ಕದಲ್ಲಿ ಏನೂ ಇಲ್ಲ. ಬಾಂಬೆ ಹೈಕೋರ್ಟ್ ಜಾಮೀನು ಕೊಟ್ಟಿತು, ವಿಷಯ ಮೇಲಕ್ಕೆ ಹೋಯಿತು.

2023ರ ಮಾರ್ಚ್ 27ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು. ಕೆ. ಎಂ. ಜೋಸೆಫ್, ಹೃಷಿಕೇಶ್ ರಾಯ್ ಜೊತೆ ಆ ಪೀಠದಲ್ಲಿದ್ದ ಮೂರನೆಯವರು ನಮ್ಮ ಕರ್ನಾಟಕದ ಬಿ. ವಿ. ನಾಗರತ್ನ. ಕಸ್ಟಡಿಗೆ ಒಪ್ಪಿಸಿದ ದಿನವನ್ನು ಸೇರಿಸಿಯೇ ಎಣಿಸಬೇಕು ಎಂದು ಪೀಠ ಹೇಳಿತು. ಯೋಚಿಸಿದರೆ ಇದು ನ್ಯಾಯವೇ ಅನ್ನಿಸುತ್ತೆ. ಆ ದಿನ ರಾತ್ರಿ ಆರೋಪಿ ಮಲಗುವುದು ಮನೆಯಲ್ಲಲ್ಲ. ಒಳಗೆ ಕಳೆದ ದಿನ ಲೆಕ್ಕಕ್ಕಿಲ್ಲ ಅನ್ನೋದು ಹೇಗೆ?

ಎಣಿಕೆ ಒಂದು ಕಡೆಯಾದರೆ, ವಿಸ್ತರಣೆ ಇನ್ನೊಂದು ಕಡೆ. ಗಡುವೇ ಹಿಗ್ಗಿದರೆ ಎಣಿಸಿ ಏನು ಫಲ? 1987ರ ಟಾಡಾ ಕಾಯ್ದೆಯಲ್ಲಿ ಈ 60–90 ದಿನಗಳ ಜಾಗಕ್ಕೆ ಒಂದು ವರ್ಷ ಬಂತು. 1993ರಲ್ಲಿ ಅದನ್ನು 180 ದಿನಕ್ಕೆ ಇಳಿಸಿದರು, ಆದರೆ ಸರ್ಕಾರಿ ಅಭಿಯೋಜಕರ ವರದಿಯ ಮೇಲೆ ಒಂದು ವರ್ಷದವರೆಗೆ ವಿಸ್ತರಿಸಲು ಅವಕಾಶ ಇಟ್ಟರು. 2008ರ ತಿದ್ದುಪಡಿಯ ನಂತರ ಯುಎಪಿಎಯಲ್ಲೂ 90 ದಿನವನ್ನು 180ರವರೆಗೆ ಹಿಗ್ಗಿಸಬಹುದು.

1994ರಲ್ಲಿ ಹಿತೇಂದ್ರ ವಿಷ್ಣು ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಸ್ತರಣೆಗೆ ಒಂದು ಶಿಸ್ತು ಹಾಕಿತು. ವರದಿ ಕೊಡಬೇಕಾದವರು ಅಭಿಯೋಜಕರು, ಪೊಲೀಸ್ ಅಧಿಕಾರಿ ಅಲ್ಲ. ಅಭಿಯೋಜಕರು ಪೊಲೀಸರ ಕಾಗದವನ್ನು ಆ ಕಡೆಯಿಂದ ಈ ಕಡೆಗೆ ದಾಟಿಸುವ ಅಂಚೆಪೆಟ್ಟಿಗೆ ಆಗಬಾರದು. ತನಿಖೆ ಎಲ್ಲಿಗೆ ಬಂದಿದೆ, ಇನ್ನೂ ಸಮಯ ಯಾಕೆ ಬೇಕು ಅಂತ ತಾವೇ ಮನಸ್ಸಿಟ್ಟು ನೋಡಿ ಹೇಳಬೇಕು. 2022ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿಸ್ತರಣೆ ಕೋರಿಕೆಯನ್ನು ಪರಿಗಣಿಸುವಾಗ ಆರೋಪಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸದೇ ಇರುವುದು ಬರೀ ತಾಂತ್ರಿಕ ಲೋಪವಲ್ಲ, ಅವನ ಮೂಲಭೂತ ಹಕ್ಕಿನ ಉಲ್ಲಂಘನೆ ಎಂದಿತು.

ಇಷ್ಟೆಲ್ಲ ಇದ್ದೂ ಈ ಹಕ್ಕಿನಲ್ಲಿ ಒಂದು ದೊಡ್ಡ ತೂತಿದೆ. 1994ರಲ್ಲೇ ಸಂಜಯ್ ದತ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದಂತೆ, ಗಡುವು ಮೀರಿದ ಮೇಲೆ ಆರೋಪಿ ಕೇಳದೇ ಸುಮ್ಮನಿದ್ದು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದುಬಿಟ್ಟರೆ, ಹಕ್ಕು ಹೋಯಿತು. ಹಾಗಾಗಿ 61ನೇ ದಿನ ಕೋರ್ಟಿನಲ್ಲಿ ಓಟದ ಸ್ಪರ್ಧೆ ನಡೆಯುತ್ತದೆ.

ತಮಿಳುನಾಡಿನ ಒಂದು ಮಾದಕವಸ್ತು ಪ್ರಕರಣದಲ್ಲಿ 180 ದಿನದ ಗಡುವು 2019ರ ಜನವರಿ 31ಕ್ಕೆ ಮುಗಿದಿತ್ತು. ಮರುದಿನ ಬೆಳಗ್ಗೆಯೇ ಜಾಮೀನು ಅರ್ಜಿ ಬಿತ್ತು. ಅದೇ ದಿನ ಸಂಜೆ ತನಿಖಾ ಸಂಸ್ಥೆ ಹೆಚ್ಚುವರಿ ದೂರು ತಂದು ಹಾಕಿತು. ವಿಚಾರಣಾ ನ್ಯಾಯಾಲಯ ಕೊಟ್ಟ ಜಾಮೀನನ್ನು ಹೈಕೋರ್ಟ್ ರದ್ದು ಮಾಡಿತು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿಹಿಡಿಯಿತು. ಅರ್ಜಿ ಹಾಕಿದ ಕ್ಷಣವೇ ಹಕ್ಕು ಚಲಾಯಿಸಿದ ಹಾಗೆ, ಆಮೇಲೆ ಓಡಿಬಂದು ಕಾಗದ ಹಾಕಿದರೆ ಅದು ಅಳಿಸಿಹೋಗುವುದಿಲ್ಲ ಅಂತ. ಆ ತೀರ್ಪು ಬರೆದವರು ಹಾವೇರಿ ಜಿಲ್ಲೆಯಿಂದ ಬಂದ ನ್ಯಾಯಮೂರ್ತಿ ಮೋಹನ ಶಾಂತನಗೌಡರ.

ಓಟದಲ್ಲಿ ಹಿಂದೆ ಬಿದ್ದವರ ಕಥೆ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಸಿಗುತ್ತದೆ. 2021ರ ಡಿಸೆಂಬರ್ 1ರಂದು ಬಾಂಬೆ ಹೈಕೋರ್ಟ್ ವಕೀಲೆ ಸುಧಾ ಭಾರದ್ವಾಜ್ ಅವರಿಗೆ ಡಿಫಾಲ್ಟ್ ಬೇಲ್ ಕೊಟ್ಟಿತು. ತನಿಖೆಯ ಅವಧಿಯನ್ನು ವಿಸ್ತರಿಸಿದ್ದ ಪುಣೆಯ ನ್ಯಾಯಾಧೀಶರಿಗೆ ಹಾಗೆ ವಿಸ್ತರಿಸುವ ಅಧಿಕಾರವೇ ಇರಲಿಲ್ಲ ಅನ್ನೋದು ಕಾರಣ. ಅಂದರೆ 2018ರಲ್ಲಿ ಆದ ತಪ್ಪು ವಿಸ್ತರಣೆ ಸರಿಯಾಗಿ ಎಣಿಕೆಗೆ ಬರಲು ಮೂರು ವರ್ಷ ಬೇಕಾಯಿತು, ಆ ಮೂರು ವರ್ಷ ಅವರು ಒಳಗೇ ಇದ್ದರು. ಅದೇ ಪ್ರಕರಣದ ಇನ್ನೂ ಎಂಟು ಮಂದಿಗೆ ಜಾಮೀನು ಸಿಗಲಿಲ್ಲ. ಅವರು ಸರಿಯಾದ ಹೊತ್ತಿಗೆ ಅರ್ಜಿ ಹಾಕಿರಲಿಲ್ಲ.

2024ರ ಜುಲೈ 1ರಿಂದ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 167ನೇ ಕಲಮು ಈಗ 187. 60 ಮತ್ತು 90 ದಿನದ ಗಡುವು ಹಾಗೇ ಉಳಿದಿದೆ. ಆದರೆ ಮೊದಲು ಆರಂಭದ 15 ದಿನದೊಳಗೆ ಮಾತ್ರ ಕೇಳಬಹುದಾಗಿದ್ದ ಪೊಲೀಸ್ ಕಸ್ಟಡಿಯನ್ನು ಈಗ ತುಂಡುತುಂಡಾಗಿ, ಮೊದಲ 40 ಅಥವಾ 60 ದಿನಗಳ ಉದ್ದಕ್ಕೂ ಹಂಚಿಕೊಂಡು ಕೇಳಬಹುದು. ಒಟ್ಟು 15 ದಿನವೇ, ನಿಜ. ಆದರೆ ಯಾವತ್ತು ಮತ್ತೆ ಠಾಣೆಗೆ ಕರೆದೊಯ್ಯುತ್ತಾರೋ ಅನ್ನೋ ಅಳುಕು ಈಗ ಅಷ್ಟೂ ದಿನ ಇರುತ್ತದೆ.

ನಮ್ಮ ಕೆಲಸದಲ್ಲೂ ಎಕ್ಸ್‌ಟೆನ್ಷನ್ ಕೇಳ್ತೇವೆ, ಸಿಗುತ್ತದೆ. ಆ ಹೆಚ್ಚುವರಿ ವಾರದ ಬೆಲೆ ಹೆಚ್ಚೆಂದರೆ ಒಂದು ಕ್ಲೈಂಟ್‌ನ ಮುನಿಸು. ಇಲ್ಲಿ ಒಬ್ಬರು ತೆಗೆದುಕೊಂಡ ಎಕ್ಸ್‌ಟೆನ್ಷನ್ ಇನ್ನೊಬ್ಬರ ಆಯುಷ್ಯದಿಂದ ಕಳೆಯುತ್ತದೆ. ಪರಿಚಿತರ ಮನೆಯಲ್ಲಿ ಯಾರಾದರೂ ಬಂಧನಕ್ಕೊಳಗಾದರೆ ಎಲ್ಲರೂ ಮೊದಲು ಹುಡುಕೋದು ದೊಡ್ಡ ವಕೀಲರನ್ನು. ಹುಡುಕಲಿ. ಜೊತೆಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ ದಿನವನ್ನು ಒಂದು ಅಂತ ಹಿಡಿದು ಕ್ಯಾಲೆಂಡರಿನಲ್ಲಿ ಎಣಿಸಿ, 61ನೇ ಮತ್ತು 91ನೇ ದಿನಕ್ಕೆ ಗುರುತು ಹಾಕಿಡಿ. ಆ ದಿನ ಬೆಳಗ್ಗೆ ಕೋರ್ಟ್ ತೆರೆಯುವ ಹೊತ್ತಿಗೆ ಅರ್ಜಿ ಕೈಯಲ್ಲಿರಬೇಕು.